ಭಾವನ ಮಾತು ಅಚ್ಚಾದ ಮೇಲೆ

ಕಲ್ಲುಕ್ವಾರಿಯ ಜಗಳ ಎರಡು ಊರುಗಳನ್ನು ಸೀಳಿದ ಮೇಲೆ ವರದಿಗಾರನಿಗೆ ಬರೆಯುವ ಕೆಲಸ ಸಲೀಸಾಗಿತ್ತು. ಗೋಡೆ ಬಿರುಕು ಬಿಟ್ಟಿದೆ, ಕ್ವಾರಿ ಮುಚ್ಚಿ ಎಂದು ಮೇಲಿನ ಊರಿನವರು. ಮುಚ್ಚಿದರೆ ಹೊಟ್ಟೆಗೇನು ಹಾಕಿಕೊಳ್ಳೋಣ ಎಂದು ಕೆಳಗಿನ ಊರಿನವರು. ಇವರದೊಂದು ಮಾತು, ಅವರದೊಂದು ಮಾತು, ನಡುವೆ ಸುಟ್ಟ ಲಾರಿಯ ಫೋಟೊ.

ಪತ್ರಿಕೆಯವರು ತರಬೇತಿಗೆಂದು ಮೇಡಂ ಒಬ್ಬರನ್ನು ಕರೆಸಿದ್ದು ಆಗಲೇ. ಅಚ್ಚಿನ ಯಂತ್ರದ ಮೇಲಿನ ಕೋಣೆ. ಕೆಳಗೆ ಯಂತ್ರ ಓಡಿದರೆ ಕುರ್ಚಿಯ ಕಾಲು ನಡುಗುತ್ತಿತ್ತು.

"ಎರಡೂ ಕಡೆಯ ಬೈಗುಳ ಅಕ್ಕಪಕ್ಕ ಇಟ್ರೆ ವರದಿ ಆಗಲ್ಲ, ಕುಸ್ತಿ ಆಗುತ್ತೆ," ಎಂದರು ಮೇಡಂ. "ಒಬ್ಬೊಬ್ಬರನ್ನೂ ಕೇಳಿ. ನಿಮ್ಮ ಕಡೆಯೋರ ಯಾವ ವಿಷಯ ನಿಮ್ಮ ಮನಸ್ಸಿಗೇ ಒಗ್ಗಲ್ಲ ಅಂತ. ಕೇಳಿ, ಬಾಯಿ ಮುಚ್ಕೊಂಡು ಕೂತ್ಕೊಳ್ಳಿ."

"ಅದನ್ನ ಮನೇಲಿ ದಿನಾ ಮಾಡ್ತೀನಿ ಮೇಡಂ," ಎಂದ ಕ್ರೈಮ್ ವರದಿಗಾರ. ಎಲ್ಲರೂ ನಕ್ಕರು.

"ಇನ್ನೊಂದು. ಗ್ರಾಮಸ್ಥರೊಬ್ಬರು ಅಂತ ಬರೀಬೇಡಿ. ಓದೋರಿಗೆ ಮನುಷ್ಯ ಕಾಣ್ಬೇಕು."

ವರದಿಗಾರನ ಅಕ್ಕನನ್ನು ಕೊಟ್ಟಿದ್ದು ಮೇಲಿನ ಊರಿಗೆ. ಅವನು ಹೋದಾಗ ಭಾವ ಕೊಟ್ಟಿಗೆಯ ಮುಂದೆ ಎಮ್ಮೆಯ ಮೈ ಉಜ್ಜುತ್ತಿದ್ದ. ಮೇಡಂ ಹೇಳಿಕೊಟ್ಟ ಪ್ರಶ್ನೆಯನ್ನೇ ಕೇಳಿ, ವರದಿಗಾರ ಬಾಯಿ ಮುಚ್ಚಿಕೊಂಡು ಕೂತ.

"ಬರೀತೀಯಾ?"

"ಹೆಸರು ಹಾಕಲ್ಲ ಭಾವ."

"ಕ್ವಾರಿ ಮುಚ್ಚಿ ಅಂತ ನಾನೂ ಕೂಗ್ದೋನೇ. ಆದ್ರೆ ಮೈಕು ಅಂತ ಕರೀತೀವಲ್ಲ, ನಮ್ಮ ಕ್ವಾರಿ ವಿರೋಧಿ ಸಮಿತಿ ಅಧ್ಯಕ್ಷ, ಅವನ ಹೊಸ ತಾರಸಿಗೆ ಬಿದ್ದಿರೋದು ಅದೇ ಕ್ವಾರಿ ಜಲ್ಲಿ. ಹಗಲು ಲಾರಿಗೆ ಕಲ್ಲು ತೂರ್ತೀವಿ, ಕತ್ತಲಾದ್ರೆ ಅದೇ ಲಾರಿಯಿಂದ ಇಳಿಸ್ಕೋತೀವಿ." ಭಾವ ಮತ್ತೆ ಉಜ್ಜತೊಡಗಿದ. "ನಮ್ಮೋರು ಬೆಂಕಿ ಹಚ್ಚಿದ ಲಾರಿ ಡ್ರೈವರು ಮೈ ಸುಟ್ಕೊಂಡು ಆಸ್ಪತ್ರೇಲಿ ಮಲಗಿದಾನೆ. ಒಂದ್ಸಲ ನೋಡ್ಕೊಂಡು ಬರೋಣ ಅಂದೆ. ಒಬ್ಬನೂ ಎದ್ದೇಳಲಿಲ್ಲ."

ವರದಿ ಬಂತು. ಹೆಸರಿರಲಿಲ್ಲ. ಆದರೆ ಮನುಷ್ಯ ಕಾಣಲೆಂದು ಅವನು ಒಂದು ಸಾಲು ಸೇರಿಸಿದ್ದ: ಕ್ವಾರಿಯಿಂದ ಸಿಡಿದ ಕಲ್ಲಿಗೆ ಒಂದು ಕಣ್ಣು ಕಳೆದುಕೊಂಡ ಎಮ್ಮೆಯ ಮೈ ಉಜ್ಜುತ್ತ ಅವರು ಹೀಗೆಂದರು. ಮೇಡಂ ಆ ಸಾಲನ್ನೇ ಎತ್ತಿ ಓದಿ, ಬರೆದರೆ ಹೀಗೆ ಬರೆಯಬೇಕು ಎಂದರು. ಅವನು ಒಳಗೊಳಗೇ ಉಬ್ಬಿಹೋದ.

ವಾರ ಕಳೆಯುವುದರೊಳಗೆ ಅಕ್ಕ ಪತ್ರಿಕೆಯ ಕಚೇರಿಗೆ ಬಂದಳು. ಕುರ್ಚಿ ಕೊಟ್ಟರೂ ಕೂರಲಿಲ್ಲ.

"ಡೇರೀಲಿ ನಮ್ಮ ಹಾಲು ತಗೋತಿಲ್ಲ. ಧೂಳಿದೆಯಂತೆ ನಮ್ಮನೆ ಹಾಲಲ್ಲಿ. ಇವರ ಜೊತೆ ಒಬ್ಬರೂ ಮಾತಾಡಲ್ಲ."

"ನಾನು ಹೆಸರು ಹಾಕಿಲ್ವಲ್ಲಕ್ಕ..."

"ಹೆಸರು ಬಿಟ್ಟು ಎಮ್ಮೆ ಹಾಕ್ದೆಯಲ್ಲೋ! ಒಕ್ಕಣ್ಣಿನ ಎಮ್ಮೆ ಊರಲ್ಲಿ ಎಷ್ಟಿವೆ? ಹಳ್ಳೀಲೇ ಹುಟ್ಟಿದೋನು, ಅಷ್ಟೂ ಹೊಳೀಲಿಲ್ವಾ ನಿಂಗೆ?" ಅವಳ ದನಿ ಇಳಿಯಿತು. "ಲಾರಿ ಥರಾನೇ ನಿಮ್ಮನ್ನೂ ಸುಡ್ತೀವಿ ಅಂತ ನಮ್ಮ ಕೊಟ್ಟಿಗೆ ಗೋಡೆ ಮೇಲೆ ಬರ್ದಿದಾರೆ ಕಣೋ. ನೀನು ಬಂದು ಅದೆಲ್ಲ ಸುಳ್ಳು ಅನ್ನು."

ಅವನು ಮೇಡಂಗೆ ಫೋನ್ ಮಾಡಿದ. ಪೊಲೀಸರಿಗೆ ತಿಳಿಸೋಣ, ನಿಜಕ್ಕೆ ಅಂಟಿಕೊಳ್ಳಿ ಎಂದರು. ಆಮೇಲೆ ತಡವರಿಸಿದರು. "ಆ ಎಮ್ಮೆ ಸಾಲು... ನಾನೇ ಮೆಚ್ಚಿದ್ದು, ಅಲ್ವಾ?"

"ಹೌದು ಮೇಡಂ."

ಮಾರನೆಯ ದಿನ ಅವನು ಮೇಲಿನ ಊರಿನ ಬಸ್ಸು ಹತ್ತಿದ.

ಡೇರಿಯ ಜಗಲಿಯ ಮೇಲೆ ಊರು ಸೇರಿತ್ತು. ಭಾವ ಕಂಬಕ್ಕೆ ಒರಗಿ ನಿಂತಿದ್ದ. ಅಕ್ಕ ಹೆಂಗಸರ ಹಿಂದೆ. ಮೈಕು ಕಾಲ ಮೇಲೆ ಕಾಲು ಹಾಕಿಕೊಂಡು, "ಏನಪ್ಪಾ ಪೇಪರಿನೋನೇ, ಇದು ನಿಮ್ಮ ಭಾವ ಆಡಿದ ಮಾತೋ, ನೀನೇ ಕಟ್ಟಿದ್ದೋ?" ಎಂದ.

ಭಾವ ಕಂಬ ಬಿಟ್ಟು ಮುಂದೆ ಬಂದ. "ಮಾತು ನಂದು..." ಎನ್ನುವಷ್ಟರಲ್ಲಿ ವರದಿಗಾರ ಗಟ್ಟಿಯಾಗಿ ಕೂಗಿದ.

"ನಾನೇ ಕಟ್ಟಿ ಬರೆದೆ. ನನ್ನ ಉಳಿಸೋಕೆ ತನ್ನ ಮೇಲೆ ಹಾಕ್ಕೋತಿದಾನೆ ಭಾವ. ಅವನು ಅಂಥದ್ದೇನೂ ಅಂದಿಲ್ಲ."

ಮೈಕು ತೊಡೆ ತಟ್ಟಿ ನಕ್ಕ. "ನೋಡ್ರಪ್ಪಾ, ಇವರ ಪೇಪರಿನ ಹಣೆಬರಹ! ಇದನ್ನೂ ಅಚ್ಚು ಹಾಕ್ಸು, ನಾಳೆ ನಾವೆಲ್ಲ ಓದ್ಬೇಕು."

ಆ ಸಂಜೆಯೇ ಡೇರಿಯಲ್ಲಿ ಅಕ್ಕನ ಹಾಲು ಅಳೆದುಕೊಂಡರು. ಅಕ್ಕ ತಮ್ಮನ ಕಡೆ ನೋಡದೆ ಖಾಲಿ ಕ್ಯಾನು ಹಿಡಿದು ಮನೆಗೆ ನಡೆದಳು.

ಭಾವ ರಸ್ತೆಯವರೆಗೂ ಬಂದ.

"ಯಾರು ಕೇಳಿದ್ರು ನಿನ್ನ?" ಎಂದ. "ನಾನು ಹೇಳ್ತಿದ್ದೆ."

"ಮನೆ ಸುಡ್ತಿದ್ರು ಭಾವ. ಅಕ್ಕ ಇದಾಳೆ..."

"ಸುಡ್ತಿದ್ರೋ ಏನೋ." ಭಾವ ರಸ್ತೆ ನೋಡುತ್ತ ನಿಂತ. "ಇಷ್ಟು ವರ್ಷ ಇವರ ಜೊತೆ ತಲೆ ಆಡಿಸ್ಕೊಂಡೇ ಬಂದೆ. ಒಂದ್ಸಲ ಬಾಯಿ ಬಿಟ್ಟಿದ್ದೆ. ಅದನ್ನೂ ನಾನು ಆಡೇ ಇಲ್ಲ ಅಂತ ಮಾಡ್ಬಿಟ್ಟೆ ನೀನು."

ಕಟ್ಟಿ ಬರೆದೆ ಎಂದ ಮೇಲೆ ಸಂಪಾದಕರಿಗೆ ಏನಂತ ಬರೆದುಕೊಡುವುದು ಎಂದು ವರದಿಗಾರ ಮನಸ್ಸಿನಲ್ಲೇ ಸಾಲು ಜೋಡಿಸತೊಡಗಿದ್ದ. ಅದು ಭಾವನಿಗೆ ತಿಳಿದುಬಿಟ್ಟಂತಾಗಿ ನಾಚಿಕೆಯಾಯಿತು. ಬಸ್ಸು ಬರುವವರೆಗೂ ಭಾವ ಜೊತೆಗೇ ನಿಂತಿದ್ದ. ಬಸ್ಸು ಬಂದಾಗ, ವರದಿಗಾರ ಹತ್ತುವ ಮೊದಲೇ ಭಾವ ಕೊಟ್ಟಿಗೆಯ ಕಡೆ ತಿರುಗಿ ನಡೆದ.