ಎಂಟು ಗಂಟೆಯ ಹೊಟ್ಟೆನೋವು

ಶಾಲೆಗೆ ಹೊರಡುವ ಹೊತ್ತಿಗೆ ಸರಿಯಾಗಿ ಬಂದು, ವ್ಯಾನು ಬೀದಿ ತಿರುಗಿದ ಮೇಲೆ ಮೆಲ್ಲಗೆ ಮಾಯವಾಗುವ ಹೊಟ್ಟೆನೋವನ್ನು ನೀವು ಕಂಡಿದ್ದೀರಾ? ಕಂಡೇ ಇರುತ್ತೀರಿ. ನಮ್ಮಲ್ಲಿ ಎಷ್ಟೋ ಮಂದಿಗೆ ಚಿಕ್ಕಂದಿನಲ್ಲಿ ಅದು ಬಂದದ್ದೂ ಉಂಟು. ದೊಡ್ಡವರು ಅದಕ್ಕೆ ಇಟ್ಟಿರುವ ಹೆಸರು ಎಲ್ಲ ಮನೆಯಲ್ಲೂ ಒಂದೇ: ನಾಟಕ.

ಒಬ್ಬ ಲಿಫ್ಟ್ ಮೆಕ್ಯಾನಿಕ್ಕನ ಮನೆಯಲ್ಲೂ ಹಾಗೆಯೇ ಅಂದುಕೊಂಡರು.

ಮೆಕ್ಯಾನಿಕ್ಕನಿಗೆ ಒಬ್ಬಳೇ ಮಗಳು, ಆರನೇ ಕ್ಲಾಸು. ಬೀದಿಯವರಿಗೆಲ್ಲ ಅವಳು ಚಿನಕುರುಳಿ. ಬೆಳಿಗ್ಗೆ ಎದ್ದು ಬಾಯಿ ತೆರೆದರೆ ರಾತ್ರಿ ನಿದ್ದೆಯೇ ಬಂದು ಅದನ್ನು ಮುಚ್ಚಬೇಕು. ಅವಳ ಅಮ್ಮ ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಗಂಡ ಹೆಂಡತಿ ಹೊಟ್ಟೆ ಬಟ್ಟೆ ಕಟ್ಟಿ ಮಗಳನ್ನು ಒಳ್ಳೆಯ ಖಾಸಗಿ ಶಾಲೆಗೆ ಹಾಕಿದ್ದರು. ಅವಳೂ ಚೆನ್ನಾಗಿಯೇ ಓದುತ್ತಿದ್ದಳು.

ಆ ವರ್ಷದ ನಡುವೆ ಏನಾಯಿತೋ ಗೊತ್ತಿಲ್ಲ, ಎಂಟು ಗಂಟೆ ಆಯಿತೆಂದರೆ ಚಿನಕುರುಳಿ ಹೊಟ್ಟೆ ಹಿಡಿದುಕೊಂಡು ಕೂರತೊಡಗಿದಳು. ತಿಂಡಿ ಮುಟ್ಟುವುದಿಲ್ಲ. ಮುಖ ಸುಣ್ಣ. ಊರಿಗೆಲ್ಲ ಔಷಧಿ ಎತ್ತಿಕೊಡುವ ಅಮ್ಮ ತನಗೆ ತಿಳಿದ ಸಿರಪ್ಪನ್ನೆಲ್ಲ ಕುಡಿಸಿ ನೋಡಿದಳು. ಡಾಕ್ಟರಿಗೆ ತೋರಿಸಿದರು, ರಕ್ತ ಪರೀಕ್ಷೆ ಆಯಿತು, ಸ್ಕ್ಯಾನೂ ಆಯಿತು. ಹೊಟ್ಟೆಯಲ್ಲಿ ಏನೂ ತೊಂದರೆ ಇಲ್ಲ ಅಂದರು ಡಾಕ್ಟರು. ಭಾನುವಾರ ಮಾತ್ರ ಅವಳಿಗೆ ನೋವೂ ಇಲ್ಲ, ಗೀವೂ ಇಲ್ಲ.

ಭಾನುವಾರ ರಜೆ ಹಾಕುವ ಕಾಯಿಲೆ ಯಾವ ಸೀಮೆಯದು ಎಂದು ಮೆಕ್ಯಾನಿಕ್ ರೇಗಿದ. ಬೈದ. ಒಂದು ದಿನ ಅವಳನ್ನು ಎತ್ತಿಕೊಂಡೇ ವ್ಯಾನಿನವರೆಗೆ ಹೋದ. ಹುಡುಗಿ ಗೇಟಿನ ಸರಳು ಹಿಡಿದುಕೊಂಡು, ಜಪ್ಪಯ್ಯ ಅಂದರೂ ಬಿಡಲಿಲ್ಲ. ಕೊನೆಗೆ ಅಪ್ಪನ ಬೂಟಿನ ಮೇಲೇ ವಾಂತಿ ಮಾಡಿಕೊಂಡಳು. ವ್ಯಾನಿನ ಕಿಟಕಿಯಲ್ಲಿ ಸಾಲಾಗಿ ಮಕ್ಕಳ ಮುಖ. ಅವತ್ತಿನಿಂದ ಚಿನಕುರುಳಿ ಶಾಲೆಯನ್ನೂ ಬಿಟ್ಟಳು, ಮಾತನ್ನೂ ಬಿಟ್ಟಳು. ಮಾತಿಲ್ಲದ ಆ ಮನೆಯಲ್ಲಿ ಕೂರುವುದು ಅಪ್ಪ ಅಮ್ಮ ಇಬ್ಬರಿಗೂ ಸಂಕಟವಾಗುತ್ತಿತ್ತು.

ಶಾಲೆಯಿಂದ ಫೋನ್ ಬಂತು. ಕ್ಲಾಸ್ ಟೀಚರು, ನಮ್ಮ ಶಾಲೆಯಲ್ಲಿ ಮನಶ್ಶಾಸ್ತ್ರಜ್ಞೆ ಒಬ್ಬರಿದ್ದಾರೆ, ಒಮ್ಮೆ ಬಂದು ಅವರನ್ನು ಕಾಣಿ ಅಂದರು. ಮೆಕ್ಯಾನಿಕ್ ಹೆದರಿದ. ಫೋನ್ ಇಟ್ಟುಬಿಟ್ಟ.

"ನಮ್ಮ ಮಗಳಿಗೆ ಹುಚ್ಚು ಅಂತಾನಾ ಇವರು ಹೇಳ್ತಿರೋದು?" ಎಂದು ಹೆಂಡತಿಯನ್ನು ಕೇಳಿದ. "ಇವತ್ತು ಒಂದು ಹೆಸರು ಅಂಟ್ಕೊಂಡ್ರೆ ನಾಳೆ ಅಳಿಸೋರು ಯಾರು? ನಾನು ಟಿಸಿ ತಗೊಂಡ್ಬಿಡ್ತೀನಿ. ಈ ವರ್ಷ ಮನೇಲೇ ಇರ್ಲಿ. ಮುಂದಿನ ವರ್ಷ ಬೇರೆ ಎಲ್ಲಾದ್ರೂ ನೋಡೋಣ."

ಅಮ್ಮನಿಗೆ ಅದು ಸರಿ ಕಾಣಲಿಲ್ಲ, ಬೇರೆ ದಾರಿಯೂ ಕಾಣಲಿಲ್ಲ. ಮಗಳು ಗೋಡೆ ಕಡೆ ಮುಖ ಮಾಡಿ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದಳು. ಒಂದು ವಾರದಲ್ಲಿ ಆ ಹುಡುಗಿಯ ಓದಿಗೆ ಪೂರ್ಣವಿರಾಮ ಬೀಳುವುದರಲ್ಲಿತ್ತು.

ಈಗ ಪಕ್ಕದ ಮನೆಯ ರೇಡಿಯೋ ಅಕ್ಕ ಬರುತ್ತಾರೆ. ಅದೇ ಶಾಲೆಯ ಆಫೀಸಿನಲ್ಲಿ ಫೋನು, ಬಾಗಿಲು, ಬಂದವರು ಹೋದವರು ಎಲ್ಲ ನೋಡಿಕೊಳ್ಳುವುದು ಅವರ ಕೆಲಸ. ಹೆಸರಿಗೆ ತಕ್ಕ ಹಾಗೆ, ಅವರ ಕಿವಿಗೆ ಬೆಳಿಗ್ಗೆ ಬಿದ್ದ ಮಾತು ಮಧ್ಯಾಹ್ನದ ಹೊತ್ತಿಗೆ ಇಡೀ ಬೀದಿಯಲ್ಲಿ ಪ್ರಸಾರ. ಟಿಸಿಯ ಸುದ್ದಿ ಹೇಗೋ ಅವರಿಗೆ ಮುಟ್ಟಿತು. ಚಪ್ಪಲಿ ಸರಿಯಾಗಿ ಮೆಟ್ಟಿಕೊಳ್ಳದೆ ಓಡಿ ಬಂದರು.

"ನೆಗಡಿ ಬಂತು ಅಂತ ಮೂಗು ಕೊಯ್ಕೋತೀಯಾ, ತಮ್ಮಾ?" ಎಂದು ಬಾಗಿಲಲ್ಲೇ ಶುರು ಮಾಡಿದರು.

ಮೆಕ್ಯಾನಿಕ್ ತನ್ನ ಹೆದರಿಕೆಯನ್ನೆಲ್ಲ ಅವರ ಮುಂದೆ ಸುರಿದ. ಮನಸ್ಸಿನ ಮೇಡಂ ಹತ್ತಿರ ಹೋದವಳು ಎಂದು ಟಿಸಿಯಲ್ಲಿ ಬರೆದರೆ? ಟಿಸಿ ಟೈಪ್ ಮಾಡುವವಳೇ ನಾನು, ಅದರಲ್ಲಿ ಅಂಥ ಜಾಗವೇ ಇಲ್ಲ ಅಂದರು ಅಕ್ಕ. ಫೀಸು ಕಟ್ಟುವ ಕಿಟಕಿಗೆ ಎದುರೇ ಆ ಮೇಡಂ ರೂಮು, ಸಾಲಿನಲ್ಲಿ ನಿಂತವರೆಲ್ಲ ನೋಡುತ್ತಾರಲ್ಲ? ಅದು ಹೋದ ವರ್ಷದ ಮಾತು ಅಂದರು ಅಕ್ಕ. ಆ ಮೇಡಂ ಮ್ಯಾನೇಜ್‌ಮೆಂಟಿನವರ ಬೆನ್ನು ಬಿಡದೆ ಹಟ ಹಿಡಿದು ರೂಮನ್ನು ಮೇಲಿನ ಮಹಡಿಯ ಲೈಬ್ರರಿ ಪಕ್ಕಕ್ಕೆ ಹಾಕಿಸಿಕೊಂಡಿದ್ದಾರೆ. ಅತ್ತ ಹೋಗುವವರೆಲ್ಲರ ಕೈಯಲ್ಲೂ ಪುಸ್ತಕ, ಯಾರು ಎಲ್ಲಿಗೆ ಹೋದರೆಂದು ದೇವರಿಗೇ ಗೊತ್ತು.

ಕೊನೆಗೆ ಮೆಕ್ಯಾನಿಕ್ ಮುಖ್ಯ ಪ್ರಶ್ನೆಗೆ ಬಂದ. ಆ ಮೇಡಂ ಹೊರಗೆ ಬಾಯಿ ಬಿಟ್ಟರೆ ಏನು ಗತಿ? ರೇಡಿಯೋ ಅಕ್ಕ ನೆಲದ ಮೇಲೆ ಕಾಲು ಚಾಚಿ ಕೂತರು.

"ನಂಗೆ ಸುದ್ದಿ ಅಂದ್ರೆ ಪ್ರಾಣ, ಅದು ನಿಂಗೂ ಗೊತ್ತು, ಬೀದಿಗೂ ಗೊತ್ತು. ಯಾವ ಮಗು ಬಂದಿತ್ತು, ಯಾಕೆ ಬಂದಿತ್ತು ಅಂತ ಆ ಮೇಡಂನ ಎಷ್ಟು ಸಲ ಕೇಳಿದೀನಿ ಗೊತ್ತಾ? ಟೀ ಕೊಟ್ಟು ಕೇಳಿದೀನಿ, ಮಳೇಲಿ ಛತ್ರಿ ಹಿಡಿದು ಕೇಳಿದೀನಿ. ನಗ್ತಾ ಟೀ ಕುಡಿದು ಹೋಗ್ತಾರೆ. ಮಗು ಜೀವಕ್ಕೆ ಅಪಾಯ ಇದ್ರೆ ಮಾತ್ರ ಮನೆಯೋರಿಗೆ, ಬೇಕಾದೋರಿಗೆ ಹೇಳ್ತಾರಂತೆ, ಇಲ್ದಿದ್ರೆ ಇಲ್ಲ. ನನ್ನ ಕೈಗೇ ಸಿಗದ ಸುದ್ದಿ ಇನ್ಯಾರ ಕೈಗೆ ಸಿಗುತ್ತೆ, ಹೇಳು."

ಇದಕ್ಕಿಂತ ದೊಡ್ಡ ಸಾಕ್ಷಿ ಮೆಕ್ಯಾನಿಕ್ಕನಿಗೆ ಬೇಕಿರಲಿಲ್ಲ. ಒಂದು ಸಲ ಹೋಗಿ ಬರೋಣ, ಅಷ್ಟೇ ಅಂದ.

ಮನಶ್ಶಾಸ್ತ್ರಜ್ಞೆ ಅವರನ್ನು ಬರಹೇಳಿದ್ದು ಸಂಜೆ, ಮಕ್ಕಳೆಲ್ಲ ಮನೆಗೆ ಹೋದ ಮೇಲೆ. ಖಾಲಿ ಶಾಲೆಗೆ ಬರಲು ಚಿನಕುರುಳಿಗೆ ಅಷ್ಟು ಹೆದರಿಕೆ ಆಗಲಿಲ್ಲ. ರೂಮಿನಲ್ಲಿ ಮಂಚ ಇಲ್ಲ, ಮೆಷಿನ್ ಇಲ್ಲ. ಒಂದು ಚಾಪೆ, ಬಣ್ಣದ ಪೆನ್ಸಿಲ್ಲು, ಮೂರು ಕುರ್ಚಿ, ಕಿಟಕಿ. ಮೇಡಂ, ನಾನು ಮಾತ್ರೆ ಕೊಡುವವಳಲ್ಲ, ಮಾತ್ರೆಯೇ ಬೇಕಾದರೆ ಯಾವ ಡಾಕ್ಟರಿಗೆ ತೋರಿಸಬೇಕೆಂದು ಹೇಳುತ್ತೇನೆ ಅಂದರು. ಅಪ್ಪ ಅಮ್ಮನ ಒಪ್ಪಿಗೆ ಕೇಳಿದರು. ಆಮೇಲೆ ಮಗಳ ಒಪ್ಪಿಗೆಯನ್ನೂ ಕೇಳಿದರು. ಮೆಕ್ಯಾನಿಕ್ಕನಿಗೆ ಇದು ಹೊಸದು. ಅವಳನ್ನು ಅಲ್ಲಿಯವರೆಗೆ ಯಾರೂ ಏನನ್ನೂ ಕೇಳಿರಲಿಲ್ಲ.

ಕೆಲವು ಸಂಜೆ ಮೇಡಮ್ಮೂ ಹುಡುಗಿಯೂ ಇಬ್ಬರೇ ಕೂತರು. ಚಿತ್ರ ಬಿಡಿಸಿದರು, ಮಾತಾಡಿದರು. ಮೇಡಂ ಅಪ್ಪ ಅಮ್ಮನಿಗೆ, ಏನು ನಡೆಯಿತು ಎಂದು ಮನೆಯಲ್ಲಿ ಕೇಳಬೇಡಿ, ಅವಳಾಗಿ ಹೇಳಿದರೆ ಕೇಳಿಸಿಕೊಳ್ಳಿ ಎಂದು ಹೇಳಿ ಕಳಿಸಿದ್ದರು. ಆಮೇಲೆ ಅಪ್ಪ ಅಮ್ಮನನ್ನು ಕರೆಸಿ, ಹೇಳಬಹುದು ಎಂದು ಅವಳು ಅಂದದ್ದನ್ನಷ್ಟೇ ಹೇಳಿದರು.

ವಿಷಯ ಇಷ್ಟೇ. ಒಂದು ದಿನ ವ್ಯಾನಿನಲ್ಲಿ ಅವಳಿಗೆ ವಾಂತಿಯಾಗಿತ್ತು. ಪಕ್ಕದವಳ ಬ್ಯಾಗಿನ ಮೇಲೆ ಬಿತ್ತು. ಮಕ್ಕಳು ಮೂಗು ಮುಚ್ಚಿಕೊಂಡು ಕಿರುಚಿದರು. ಮಾರನೇ ದಿನದಿಂದ ಅವಳು ವ್ಯಾನು ಹತ್ತಿದರೆ ಎಲ್ಲರೂ ಮೂಗು ಮುಚ್ಚುವುದು ಒಂದು ಆಟವಾಯಿತು. ಮತ್ತೆ ವಾಂತಿ ಆದರೆ ಎಂಬ ಭಯಕ್ಕೆ ಅವಳು ತಿಂಡಿ ಬಿಟ್ಟಳು. ಖಾಲಿ ಹೊಟ್ಟೆ ಉರಿಯಿತು, ಉರಿದದ್ದಕ್ಕೆ ಭಯ ಹೆಚ್ಚಾಯಿತು, ಭಯಕ್ಕೆ ಹೊಟ್ಟೆ ಇನ್ನಷ್ಟು ಕಿವುಚಿತು. ಶಾಲೆಯಲ್ಲಿ ಯಾವ ಟೀಚರಿಗೂ ಗೊತ್ತಿಲ್ಲ, ಮನೆಯಲ್ಲೂ ಗೊತ್ತಿಲ್ಲ.

"ಹಾಗಾದ್ರೆ ಅವಳು ಸುಳ್ಳು ಹೇಳ್ತಿರ್ಲಿಲ್ವಾ?" ಎಂದಳು ಅಮ್ಮ.

"ನೋವು ನಿಜಾನೇ," ಅಂದರು ಮೇಡಂ. "ಭಯ ಬಂದಾಗ ಹೊಟ್ಟೆ ನಿಜವಾಗ್ಲೂ ನೋಯುತ್ತೆ. ಸ್ಕ್ಯಾನಲ್ಲಿ ಕಾಣಲ್ಲ, ಅಷ್ಟೇ."

ಮೆಕ್ಯಾನಿಕ್ಕನಿಗೆ ಇನ್ನೂ ಪೂರ್ತಿ ನಂಬಿಕೆ ಬಂದಿರಲಿಲ್ಲ. ಇಷ್ಟು ಸಣ್ಣದಕ್ಕೆ ಇಷ್ಟು ದೊಡ್ಡ ರಂಪವೇ, ಗದರಿಸಿ ಎರಡು ದಿನ ಕಳಿಸಿದರೆ ತಾನೇ ಸರಿಹೋಗುವುದಿಲ್ಲವೇ ಎಂದು ಕೇಳಿದ. ಮೇಡಂ ಅದಕ್ಕೆ ಉತ್ತರ ಹೇಳದೆ ಅವನ ಕೆಲಸದ ಬಗ್ಗೆ ವಿಚಾರಿಸಿದರು. ಲಿಫ್ಟು ಎರಡು ಮಹಡಿ ನಡುವೆ ನಿಂತು ಒಳಗೆ ಜನ ಸಿಕ್ಕಿಹಾಕಿಕೊಂಡಾಗ ಅವನು ಮೊದಲು ಏನು ಮಾಡುತ್ತಾನೆ?

ತನ್ನ ಕಸುಬಿನ ಮಾತು ಬಂದದ್ದೇ ಮೆಕ್ಯಾನಿಕ್ ನೆಟ್ಟಗೆ ಕೂತ.

"ಮೊದ್ಲು ಹೊರಗಿಂದ ಕೂಗಿ ಹೇಳ್ತೀನಿ, ಮೇಡಂ. ನಾನು ಇಲ್ಲೇ ಇದೀನಿ, ಲಿಫ್ಟು ಬೀಳಲ್ಲ, ಗಾಳಿ ಬರ್ತಿರುತ್ತೆ, ಬಾಗಿಲು ಎಳೀಬೇಡಿ ಅಂತ. ಅವರ ಉಸಿರು ಹತೋಟಿಗೆ ಬರೋವರ್ಗೂ ಮಾತಾಡ್ತಾನೇ ಇರ್ತೀನಿ. ಆಮೇಲೇ ಮೆಷಿನ್‌ಗೆ ಕೈ ಹಾಕೋದು."

"ಒಳಗಿರೋರು ಅಳ್ತಾ ಕಿರುಚ್ತಾ ಇದ್ರೆ? ಬೈತೀರಾ?"

"ಛೆ, ಭಯ ಬಿದ್ದೋರನ್ನ ಯಾರಾದ್ರೂ ಬೈತಾರಾ?"

ಅಂದವನು ಹೆಂಡತಿಯ ಮುಖ ನೋಡಿದ, ತನ್ನ ಬೂಟು ನೋಡಿದ. ಗುರುತು ಪರಿಚಯ ಇಲ್ಲದವರಿಗೆ ಗಂಟೆಗಟ್ಟಲೆ ಧೈರ್ಯ ಹೇಳುವ ಮನುಷ್ಯ ಹೆತ್ತ ಮಗಳಿಗೆ ಒಂದು ಮಾತು ಹೇಳಿರಲಿಲ್ಲ. ಅವನಿಗೆ ನಾಚಿಕೆಯಾಯಿತು, ಅಳು ಬಂತು. ಅತ್ತೇಬಿಟ್ಟ. ಮೇಡಂ ನೀರಿನ ಲೋಟ ಮುಂದಿಟ್ಟರು.

"ಈಗ ಏನು ಮಾಡ್ಬೇಕು ಹೇಳಿ," ಅಂದ ಕಣ್ಣೊರೆಸಿಕೊಂಡು. "ಮಾಡ್ತೀನಿ."

ಮನೆಯಲ್ಲೇ ಬಚ್ಚಿಟ್ಟುಕೊಂಡರೂ ಭಯ ಬೆಳೆಯುತ್ತದೆ, ದರದರ ಎಳೆದುಕೊಂಡು ಹೋದರೂ ಬೆಳೆಯುತ್ತದೆ, ಒಂದೊಂದೇ ಮೆಟ್ಟಿಲು ಹತ್ತಿಸಬೇಕು ಎಂದು ಮೇಡಂ ವಿವರಿಸಿದರು. ಮೆಟ್ಟಿಲು ಯಾವುದೆಂದು ಹುಡುಗಿಯೇ ಆರಿಸಿದಳು. ಮೊದಲು ಅಪ್ಪನ ಬೈಕಿನಲ್ಲಿ ಶಾಲೆಯ ಗೇಟಿನವರೆಗೆ. ಆಮೇಲೆ ಲೈಬ್ರರಿಯಲ್ಲಿ ಸ್ವಲ್ಪ ಹೊತ್ತು. ಆಮೇಲೆ ಇಷ್ಟವಾದ ಒಂದು ಪಾಠ. ಬೆಳಿಗ್ಗೆ ಅರ್ಧ ಬಾಳೆಹಣ್ಣು. ನಿಂತಿರುವ ಖಾಲಿ ವ್ಯಾನಿನಲ್ಲಿ ಸುಮ್ಮನೆ ಕೂತು ಇಳಿಯುವುದು. ಹೆದರಿಕೆ ಏರಿದಾಗ ಉಸಿರನ್ನು ಹೇಗೆ ನಿಧಾನ ಮಾಡುವುದೆಂದು ಮೇಡಂ ಕಲಿಸಿಕೊಟ್ಟರು.

ವ್ಯಾನಿನ ಮೂಗು ಮುಚ್ಚುವ ಆಟವನ್ನೂ ಅವರು ಬಿಡಲಿಲ್ಲ. ಡ್ರೈವರನ ಜೊತೆ ಮಾತಾಡಿದರು. ಯಾರ ಹೆಸರನ್ನೂ ಎತ್ತದೆ ಎಲ್ಲ ಕ್ಲಾಸಿಗೂ ಹೋಗಿ, ವಾಂತಿ ಯಾಕೆ ಬರುತ್ತದೆ, ಬಂದವರಿಗೆ ಹೇಗನಿಸುತ್ತದೆ ಎಂದು ಮಾತು ತೆಗೆದರು. ಒಂದು ಕ್ಲಾಸಿನಲ್ಲಿ ಪಿಟಿ ಮೇಷ್ಟ್ರು ಎದ್ದು ನಿಂತು, ನಾನು ನನ್ನ ಮದುವೆ ದಿನವೇ ವಾಂತಿ ಮಾಡಿಕೊಂಡಿದ್ದೆ, ಫೋಟೋದವನು ಅದನ್ನೂ ತೆಗೆದಿದ್ದಾನೆ ಅಂದರು. ಆಮೇಲೆ ನೋಡಬೇಕಿತ್ತು, ನಂದೂ ಇದೆ ನಂದೂ ಇದೆ ಎಂದು ಕೈ ಎತ್ತುವವರೇ ಎಲ್ಲ.

ಎಲ್ಲ ದಿನವೂ ಸರಾಗ ಇರಲಿಲ್ಲ. ಒಂದು ಬೆಳಿಗ್ಗೆ ಚಿನಕುರುಳಿ ಮತ್ತೆ ಮನೆಯ ಗೇಟಿನ ಸರಳು ಹಿಡಿದು ನಿಂತಳು. ಮೆಕ್ಯಾನಿಕ್ಕನಿಗೆ ಕೆಲಸಕ್ಕೆ ಹೊತ್ತಾಗಿತ್ತು, ಸಿಟ್ಟು ನಾಲಿಗೆಯ ತುದಿಯವರೆಗೆ ಬಂದಿತ್ತು. ಅದನ್ನು ನುಂಗಿಕೊಂಡು ಅವಳ ಪಕ್ಕದಲ್ಲೇ ನೆಲದ ಮೇಲೆ ಕೂತ.

"ನಾನು ಇಲ್ಲೇ ಇದೀನಿ ಮಗಳೇ. ಏನೂ ಆಗಲ್ಲ. ನಿಧಾನಕ್ಕೆ ಹೋಗೋಣ," ಅಂದ.

ವ್ಯಾನು ಹೋಯಿತು. ಅಪ್ಪ ಮಗಳು ಬೈಕಿನಲ್ಲಿ ಹೋದರು, ಎರಡನೇ ಪೀರಿಯಡ್ಡಿಗೆ. ಆದರೆ ಹೋದರು. ಟಿಸಿಯ ಮಾತನ್ನು ಅವನು ಮತ್ತೆ ಎತ್ತಲಿಲ್ಲ.

ಬೇಸಿಗೆ ರಜೆಗೆ ಮುಂಚೆ ಶಾಲೆಯವರು ಮಕ್ಕಳನ್ನು ಬಸ್ಸಿನಲ್ಲಿ ಬೆಟ್ಟಕ್ಕೆ ಕರೆದುಕೊಂಡು ಹೊರಟರು. ಹಾವಿನಂತೆ ಸುತ್ತುವ ರಸ್ತೆ. ಅಮ್ಮ ಬೇಡ ಅಂದಳು, ಅಪ್ಪ ನಿನ್ನಿಷ್ಟ ಅಂದ. ಚಿನಕುರುಳಿ ಬೆಳಿಗ್ಗೆ ತಿಂಡಿ ತಿಂದು, ಎಂಟು ಗಂಟೆಗೆ ಸರಿಯಾಗಿ ತಾನೇ ಚೀಲ ಹೆಗಲಿಗೆ ಹಾಕಿಕೊಂಡು ಮೆಟ್ಟಿಲಿಳಿದಳು. ಹಿಂದೆ ತಿರುಗಿಯೂ ನೋಡಲಿಲ್ಲ. ಅಪ್ಪ ಅಮ್ಮ ದಿನವಿಡೀ ಫೋನ್ ನೋಡುತ್ತಾ ಕೂತರು. ಯಾವ ಫೋನೂ ಬರಲಿಲ್ಲ.

ಸಂಜೆ ಬಸ್ಸಿನಿಂದ ಇಳಿದವಳು ಬೀದಿಯ ತುದಿಯಿಂದಲೇ ಮಾತು ಶುರು ಮಾಡಿದಳು. ಬೆಟ್ಟದ ಮಾತು, ಮಂಗನ ಮಾತು, ಬಸ್ಸಿನ ಹಾಡಿನ ಮಾತು. ಊಟದ ನಡುವೆ, ಅದೇನೂ ದೊಡ್ಡದಲ್ಲ ಎನ್ನುವ ಹಾಗೆ ಇನ್ನೊಂದು ಹೇಳಿದಳು. ಬೆಟ್ಟ ಹತ್ತುವಾಗ ನಾಲ್ಕನೇ ಕ್ಲಾಸಿನ ಒಬ್ಬ ಪುಟ್ಟ ಹುಡುಗಿಗೆ ವಾಂತಿಯಾಯಿತಂತೆ. ಅವಳು ನಾಚಿಕೆಯಿಂದ ಸೀಟಿನ ಕೆಳಗೆ ಮುಖ ಮುಚ್ಚಿಕೊಂಡಳಂತೆ.

"ನೀನೇನು ಮಾಡ್ದೆ?" ಎಂದಳು ಅಮ್ಮ, ಕೈಯಲ್ಲಿದ್ದ ತುತ್ತನ್ನು ಹಾಗೇ ಹಿಡಿದುಕೊಂಡು.

"ನಾನೇ ಎದ್ದು ಹೋದೆ. ಬಾಯಿ ತೊಳೆಸಿದೆ. ನನ್ನ ಕಿಟಕಿ ಸೀಟು ಕೊಟ್ಟೆ. ನಂಗೂ ಹೀಗೇ ಆಗಿತ್ತು ಕಣೇ, ಏನೂ ಆಗಲ್ಲ, ನಾಳೆ ಶಾಲೇಲಿ ಊಟಕ್ಕೆ ನನ್ನ ಪಕ್ಕಾನೇ ಕೂತ್ಕೋ ಅಂದೆ. ಇನ್ನೊಂಚೂರು ಅನ್ನ ಹಾಕಮ್ಮ."

ಮೆಕ್ಯಾನಿಕ್ ಎದ್ದು ಹೋಗಿ ಮಗಳ ತಟ್ಟೆಗೆ ತಾನೇ ಅನ್ನ ಬಡಿಸಿದ. ಅಷ್ಟು ಹೆಮ್ಮೆ ಅವನಿಗೆ ಬದುಕಿನಲ್ಲಿ ಯಾವತ್ತೂ ಆಗಿರಲಿಲ್ಲ.

ಓದುವ ತಂದೆ ತಾಯಿಯರೇ, ಅಜ್ಜ ಅಜ್ಜಿಯರೇ, ನಿಮ್ಮ ಮನೆಯಲ್ಲೂ ಶಾಲೆಯ ಹೊತ್ತಿಗೇ ಬರುವ ಹೊಟ್ಟೆನೋವು, ತಲೆನೋವು ಇದೆಯೇ? ನಗುತ್ತಿದ್ದ ಮಗು ಸುಮ್ಮನಾಗಿದೆಯೇ? ಮೊದಲು ಡಾಕ್ಟರಿಗೆ ತೋರಿಸಿ. ಅಲ್ಲಿ ಏನೂ ಸಿಗದಿದ್ದರೆ ನಾಟಕ ಅನ್ನಬೇಡಿ. ಶಾಲೆಯಲ್ಲಿ ಮನಶ್ಶಾಸ್ತ್ರಜ್ಞರಿದ್ದರೆ ಅವರ ಬಾಗಿಲು ತಟ್ಟಿ. ಇಲ್ಲದಿದ್ದರೆ, ನಮ್ಮ ಮಕ್ಕಳಿಗೂ ಒಬ್ಬರು ಬೇಕು ಎಂದು ಪೋಷಕರ ಸಭೆಯಲ್ಲಿ ಎದ್ದು ನಿಂತು ಕೇಳಿ. ಆ ಬಾಗಿಲು ತಟ್ಟುವುದರಲ್ಲಿ ಯಾವ ಅವಮಾನವೂ ಇಲ್ಲ. ನಾಳೆಯವರೆಗೂ ಕಾಯಬೇಡಿ, ಇವತ್ತು ರಾತ್ರಿ ಊಟಕ್ಕೆ ಕೂತಾಗ ಮಗುವಿನ ಪಕ್ಕದಲ್ಲಿ ಕೂತು, ಬೈಯದೆ, "ಏನಾಯ್ತು ಮಗಾ?" ಎಂದು ಕೇಳಿ. ಕೇಳಿದ ಮೇಲೆ, ಅದು ಹೇಳಿ ಮುಗಿಸುವವರೆಗೂ ಎದ್ದು ಹೋಗಬೇಡಿ.