ವಾಸನೆ ಬಾರದವನ ಪಾಳಿ

ಆಂಬ್ರೋಸ್‌ಗೆ ವಾಸನೆ ತಿಳಿಯುತ್ತಿರಲಿಲ್ಲ. ಹನ್ನೊಂದನೆಯ ವಯಸ್ಸಿನಲ್ಲಿ ಅದಿರು ಎತ್ತುವ ರಾಟೆಯ ಹಿಡಿ ಕೈಜಾರಿ, ತಿರುಗಿ ಬಂದು ಅವನ ಮುಖಕ್ಕೆ ಬಡಿದಿತ್ತು. ಮೂಗಿನ ಮೂಳೆ ಒಳಗೆ ಕುಸಿದು ಅಲ್ಲೇ ಕೂಡಿಕೊಂಡಿತು. ಅಂದಿನಿಂದ ಅವನಿಗೆ ಹುಳಿ ಬರಿಸಿದ ಕೋಸೂ ಒಂದೇ, ಒದ್ದೆ ಹುಲ್ಲೂ ಒಂದೇ. ಹೆಂಡದಂಗಡಿಯಲ್ಲಿ ಅವನ ಬಿಯರ್ ಲೋಟಕ್ಕೆ ಕುದುರೆಯ ಉಚ್ಚೆ ಬೆರೆಸಿಡುವುದು ನಮ್ಮೂರು ಸಿಲ್ಬರ್‌ಗ್ರುಂಡ್‌ನ ಗಂಡಸರ ಹಳೆಯ ತಮಾಷೆ. ಅವನು ಕುಡಿದು, ಎಲ್ಲರೂ ನಗುವುದನ್ನು ನೋಡಿ, ತಾನೂ ನಗುತ್ತಿದ್ದ. ಒಮ್ಮೆ ನಾನೂ ಬೆರೆಸಿದ್ದೇನೆ. ಅವನು ನನ್ನ ಹೆಂಡತಿ ಒಟ್ಟೀಲಿಯೆಯ ತಮ್ಮ.

ನಮ್ಮೂರು ಗುಡ್ಡದ ಈಚೆ, ತಗ್ಗಿನಲ್ಲಿದೆ. ಅಜ್ಜನ ಕಾಲದಲ್ಲಿ ಇಲ್ಲಿ ಫರ್ ಮರ, ಕರಡಿ ಬಿಟ್ಟರೆ ಬೇರೇನೂ ಇರಲಿಲ್ಲ. ಉಪ್ಪು ಹೇರಿಕೊಂಡು ಹೋಗುತ್ತಿದ್ದವನೊಬ್ಬನ ಗಾಡಿಯ ಚಕ್ರ ಉಜ್ಜಿದ ಬಂಡೆಯಲ್ಲಿ ಬೆಳ್ಳಿ ಕಂಡಿತು. ಹತ್ತು ವರ್ಷದಲ್ಲಿ ಮುನ್ನೂರು ಮನೆ, ಒಂದು ಚರ್ಚು, ಎರಡು ಕುಲುಮೆ ಎದ್ದವು, ಮರ ಒಂದೂ ಉಳಿಯಲಿಲ್ಲ. ಗುಡ್ಡದ ಆಚೆ, ನಮಗಿಂತ ಎತ್ತರದಲ್ಲಿ, ವೋಲ್ಫ್‌ಸ್ಟಾಲ್. ಅದು ಬೇರೆ ದೊರೆಯ ಊರು. ಗುಡ್ಡದ ನೆತ್ತಿಯಲ್ಲಿ ಎರಡು ದೊರೆಗಳ ಗಡಿಕಲ್ಲುಗಳು ಸಾಲಾಗಿ ನಿಂತಿವೆ. ನೆಲದ ಕೆಳಗೆ ಗಡಿಕಲ್ಲಿಲ್ಲ. ನಮ್ಮ ಗಣಿ ‘ದೇವರ ಕೊಡುಗೆ’ ಈಚೆಯಿಂದ, ಅವರ ಗಣಿ ‘ಕಾಡುಮನುಷ್ಯ’ ಆಚೆಯಿಂದ, ಒಂದೇ ಬೆಳ್ಳಿಯ ಎಳೆಯನ್ನು ಹಿಡಿದು ಮೂವತ್ತು ವರ್ಷ ಕೊರೆದುಕೊಂಡು ಬಂದವು. ನಮ್ಮ ಬೇರೆ ಎಳೆಗಳೆಲ್ಲ ಬತ್ತಿದ್ದವು. ಇದೊಂದು ಉಳಿದಿತ್ತು.

ಮಾರ್ಚ್ ತಿಂಗಳ ಒಂದು ಸೋಮವಾರ ಬೆಳಿಗ್ಗೆ ನಮ್ಮ ಗಣಿಯ ಕಿಲಿಯಾನ್‌ನ ಉಳಿ ಬಂಡೆಯೊಳಗೆ ಹಿಡಿಯವರೆಗೂ ಹೋಯಿತು. ಅವನು ಹಿಂದಕ್ಕೆಳೆದ. ಆಚೆಯಿಂದಲೂ ಯಾರೋ ಎಳೆದರು.

“ಯೋಬ್ಸ್ಟ್, ಬಂಡೆ ಎಳೀತಿದೆ ಕಣೋ,” ಎಂದು ನನ್ನ ಕಡೆ ತಿರುಗಿ ನಕ್ಕ. ಉಳಿ ಬಿಟ್ಟು ತೂತಿಗೆ ಕಣ್ಣಿಟ್ಟ. ಆಚೆಯಿಂದ ಒಂದು ಕಬ್ಬಿಣದ ಸಲಾಕೆ ಬಂದು ಅವನ ಕಣ್ಣಿನೊಳಗೆ ಹೊಕ್ಕಿತು. ಕಿಲಿಯಾನ್ ಕೂಗಲಿಲ್ಲ. ಸಲಾಕೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಮೊಣಕಾಲೂರಿದ. ಅದನ್ನು ಅವರು ವಾಪಸ್ ಎಳೆದುಕೊಂಡಾಗ ಹೆಣವಾಗಿ ಪಕ್ಕಕ್ಕೆ ಬಿದ್ದ.

ಆಮೇಲೆ ಎರಡೂ ಕಡೆಯವರು ಸುತ್ತಿಗೆಯಿಂದ ತೂತನ್ನು ಅಗಲ ಮಾಡಿದೆವು. ಒಬ್ಬ ಮನುಷ್ಯ ತೆವಳುವಷ್ಟು ಅಗಲವಾದ ಕೂಡಲೇ ಅವರ ಕಡೆಯ ಒಬ್ಬ ತಲೆ, ಭುಜ ತೂರಿಸಿ ಒಳಬಂದ. ನಾವು ನಾಲ್ವರಿದ್ದೆವು. ದೀಪದ ಬೆಳಕಿನಲ್ಲಿ ಅವನ ಮುಖ ನೋಡಿದೆ. ಹಿಂದಿನ ವರ್ಷ ಸಂತೆಯಲ್ಲಿ ಅವನಿಂದ ಮೊಣಕಾಲಿಗೆ ಕಟ್ಟುವ ಒಂದು ಜೊತೆ ತೊಗಲು ಕೊಂಡಿದ್ದೆ. ಎರಡು ಏಟು ಹೊಡೆದೆ. ಎರಡನೆಯದು ಬೇಕಿರಲಿಲ್ಲ. ಹೆಣ ತೂತಿನಲ್ಲಿ ಸಿಕ್ಕಿಕೊಂಡಿತು. ಅವರು ಕಾಲು ಹಿಡಿದು ಎಳೆದರು, ನಾವು ಕೈ ಹಿಡಿದು ತಳ್ಳಿದೆವು. ಆ ಒಂದು ಕೆಲಸದಲ್ಲಿ ಮಾತ್ರ ಎರಡು ಗಣಿಗಳೂ ಒಟ್ಟಿಗೆ ದುಡಿದವು.

ಎರಡೂ ದೊರೆಗಳು ಒಪ್ಪಿದ ಗಣಿ ಅಧಿಕಾರಿಗೆ ಅಂದೇ ಹೇಳಿಕಳಿಸಿದರು. ಬುಧವಾರ ಮಧ್ಯಾಹ್ನ ಬರುತ್ತೇನೆಂದ. ಗಣಿಯ ಕಾಯಿದೆ ಎಲ್ಲರಿಗೂ ಬಾಯಿಪಾಠ: ಅಧಿಕಾರಿ ಬರುವ ಹೊತ್ತಿಗೆ ಯಾರ ಆಳು ಉರಿಯುವ ದೀಪ ಇಟ್ಟುಕೊಂಡು ಎರಡು ಗಣಿ ಕೂಡಿದ ತೂತಿನ ಬಾಯಲ್ಲಿ ಕೂತಿರುತ್ತಾನೋ ಎಳೆ ಅವರದು. ಎರಡು ದಿನ ಆ ಜಾಗ ಹಿಡಿದಿಡಬೇಕು. ಒಬ್ಬೊಬ್ಬನೇ ತೆವಳುವ ತೂತಿನಲ್ಲಿ ಸುತ್ತಿಗೆ ಹಿಡಿದು ಎರಡು ದಿನ ಕೂರುವುದು ಆಗದ ಮಾತು. ಆಚೆಯವರು ಹತ್ತಿರ ಬರದಂತೆ ನಾರುವ ಹೊಗೆ ಹಾಕಬೇಕು.

ಹೊಗೆ ಹಾಕುವುದು ನಮಗೆ ಅನುಕೂಲವಾಗಿತ್ತು. ಚಳಿ ಇರುವಷ್ಟು ದಿನ ಗಾಳಿ ನಮ್ಮ ಕೆಳಬಾಯಿಂದ ಹೊಕ್ಕು ಅವರ ಮೇಲ್ಬಾಯಿಂದ ಹೊರಡುತ್ತದೆ. ಸೆಕೆ ಬಂದರೆ ತಿರುಗುತ್ತದೆ. ಇದು ನಮ್ಮ ಮಕ್ಕಳಿಗೂ ಗೊತ್ತು. ಮೇಲೆ ಇನ್ನೂ ಹಿಮ ಬಿದ್ದಿತ್ತು. ಹೆಂಗಸರು ಮನೆಮನೆ ಅಲೆದು ಗೊರಸು, ಕೊಂಬು, ಹಳೆ ಬೂಟು, ಕ್ಷೌರದವನ ಮೂಟೆಯ ಕೂದಲು ಒಟ್ಟುಮಾಡಿದರು. ಪಾದ್ರಿಯ ಹೆಂಡತಿ ತನ್ನ ಸತ್ತ ಹಂದಿಯ ಬಿರುಗೂದಲು ಕೊಟ್ಟಳು.

ಆದರೆ ಬೆಂಕಿಗೆ ಹಾಕುತ್ತಾ ಅಲ್ಲೇ ಕೂರಬೇಕಾದವನು ಒಬ್ಬ ಬೇಕಲ್ಲ. ಮೊದಲು ಹೋದವನು ವಾಂತಿ ಮಾಡಿಕೊಂಡು ಹೊರಬಂದ. ಎರಡನೆಯವನೂ ಹಾಗೇ. ಮೇಸ್ತ್ರಿ ಮೆರ್ಟೆನ್ ತನ್ನ ಟೊಪ್ಪಿಗೆಯಲ್ಲಿ ಏಳು ಬಟಾಣಿ ಹಾಕಿದ. ಒಂದಕ್ಕೆ ಮಸಿ ಬಳಿದಿದ್ದ; ಅದನ್ನು ಎತ್ತಿದವನು ಬೆಂಕಿಯ ಬಳಿ ಕೂರಬೇಕು. ಮಸಿ ಬಟಾಣಿ ನನ್ನ ಕೈಗೆ ಬಂತು.

ನಾನೇ ಬಾಯಿ ತೆರೆದೆ.

“ನಮ್ಮ ಆಂಬ್ರೋಸ್‌ಗೆ ವಾಸನೆ ಬರಲ್ಲ.”

ಮೆರ್ಟೆನ್ ನನ್ನನ್ನು ನೋಡಿದ. ಆಮೇಲೆ ಗೋಡೆಗೆ ಒರಗಿ ರೊಟ್ಟಿ ತಿನ್ನುತ್ತಿದ್ದ ಆಂಬ್ರೋಸ್‌ನನ್ನು ನೋಡಿದ.

“ಹೌದಲ್ವಾ,” ಎಂದ. “ನಾತ ಮೂಗಿಗೆ ಹೋಗದೆ ತಲೆಗೆ ಹೇಗೆ ಹೋಗುತ್ತೆ? ಇಷ್ಟು ಹೊತ್ತು ನಾವೆಲ್ಲ ಕತ್ತೆಗಳ ಹಾಗೆ ಬಟಾಣಿ ಎತ್ತುತ್ತಿದ್ದೀವಿ.”

ಆಂಬ್ರೋಸ್ ರೊಟ್ಟಿ ನುಂಗಿ ಎದ್ದ. “ನೋಡಿದ್ಯಾ ಭಾವ, ಇಪ್ಪತ್ತು ವರ್ಷ ನನ್ನ ಮೂಗಿಗೆ ನಗ್ತಿದ್ರಿ. ಈಗ ಇಡೀ ಊರಲ್ಲಿ ಕೆಲಸಕ್ಕೆ ಬರೋ ಮೂಗು ಇದೊಂದೇ.”

“ಮೂಗೇ ಇಲ್ವಲ್ಲೋ ಅಲ್ಲಿ,” ಎಂದರು ಯಾರೋ.

“ಇಲ್ದೇ ಇರೋದಕ್ಕೇ ಬೆಲೆ ಬಂದಿರೋದು,” ಎಂದ.

ಮಂಗಳವಾರ ಬೆಳಿಗ್ಗೆ ಅವನು ಒಳಹೋದ. ತೂತಿನ ಬಾಯಲ್ಲಿ ಬೆಂಕಿ, ಈಚೆಗೆ ಎರಡು ಹೆಜ್ಜೆ ದೂರದಲ್ಲಿ ಅವನು. ಗಾಳಿ ಹೊಗೆಯನ್ನು ಆಚೆಗೆ ಎಳೆದುಕೊಂಡು ಹೋಯಿತು. ನಾನು ಎಪ್ಪತ್ತು ಹೆಜ್ಜೆ ಹಿಂದೆ, ಸುರಂಗದ ಮರದ ಬಾಗಿಲ ಬಳಿ ಕಾವಲಿದ್ದೆ. ಅಲ್ಲಿಗೂ ಕೂದಲು ಸುಟ್ಟ ನಾತ ಬರುತ್ತಿತ್ತು. ಆಚೆಯಿಂದ ಕೆಮ್ಮು ಕೇಳಿಸಿತು, ಬೈಗುಳ ಕೇಳಿಸಿತು, ಆಮೇಲೆ ಅದೂ ನಿಂತಿತು.

ಮಧ್ಯಾಹ್ನ ಆಂಬ್ರೋಸ್ ಬೆಂಕಿಗೆ ರಾಶಿ ಗೊರಸು ಹಾಕಿಟ್ಟು ಊಟಕ್ಕೆ ನಮ್ಮ ಮನೆಗೆ ಬಂದ. ಒಟ್ಟೀಲಿಯೆ ಬಾರ್ಲಿ ಗಂಜಿ ಬಡಿಸಿದಳು. ಅವನ ಕೆನ್ನೆ ಮದುಮಗನ ಹಾಗೆ ಕೆಂಪಗಿತ್ತು.

“ಬಣ್ಣ ನೋಡು ಇವನದು,” ಎಂದಳು ಅವಳು. “ಜಗಳ ಆದ್ರೇನೇ ನೀನು ಚೆನ್ನಾಗಿ ಕಾಣೋದು.”

“ತಲೆ ಸಿಡೀತಿದೆ ಅಕ್ಕ.” ಎರಡು ಚಮಚ ತಿಂದು ಹೊರಗೆ ಹೋಗಿ ಕಕ್ಕಿದ. ಬಂದು ಮತ್ತೆ ಕೂತ. “ಕಾಲು ಕೂಡ ಹತ್ತಿ ತುಂಬಿದ ಹಾಗೆ ಆಗಿದೆ.”

“ಬೆಳಿಗ್ಗೆಯಿಂದ ಮುದುಡಿ ಕೂತಿದೀಯ, ಅದಕ್ಕೇ,” ಎಂದೆ.

ಅದಕ್ಕಲ್ಲವೆಂದು ನನಗೆ ಗೊತ್ತಿತ್ತು. ಬೆಳಿಗ್ಗೆ ಬಾಗಿಲಿನ ಆಚೆ ಮೂರು ಇಲಿಗಳು ಸತ್ತು ಬಿದ್ದಿದ್ದನ್ನು ನೋಡಿದ್ದೆ. ಗಾಯವಿಲ್ಲ, ಹೊಗೆಯ ಮಸಿಯಿಲ್ಲ, ಮಲಗಿದ ಹಾಗೆ ಬಿದ್ದಿದ್ದವು. ಇಲಿಗೆ ನಾತದ ಹೇಸಿಗೆ ಇಲ್ಲ. ಅವನ್ನು ಕೊಂದದ್ದು ನಾತ ಅಲ್ಲ, ಬೆಂಕಿಯಿಂದ ಏಳುವ ಬೇರೇನೋ. ಅವನ್ನು ಬೂಟಿನ ತುದಿಯಿಂದ ಚರಂಡಿಗೆ ತಳ್ಳಿದ್ದೆ.

“ಭಾವ, ನಾಳೆ ಒಂದು ಅರ್ಧ ಪಾಳಿ ನೀನು ಕೂತ್ಕೊಳ್ತೀಯಾ?” ಎಂದು ಆಂಬ್ರೋಸ್ ಕೇಳಿದ. “ಬೆಳಿಗ್ಗೆ ಅಷ್ಟೇ. ಅಧಿಕಾರಿ ಬರೋ ಹೊತ್ತಿಗೆ ನಾನು ಬರ್ತೀನಿ.”

“ನಂಗೆ ವಾಸನೆ ಬರುತ್ತಲ್ಲೋ,” ಎಂದೆ.

ಅವನು ತಲೆಯಾಡಿಸಿದ. ನನ್ನ ಮಾತು ಅವನಿಗೆ ಸರಿಯೆನ್ನಿಸಿತು.

ಬುಧವಾರ ಬೆಳಿಗ್ಗೆ ಚಾವಣಿಗಳಿಂದ ನೀರು ತೊಟ್ಟಿಕ್ಕುತ್ತಿತ್ತು. ದಕ್ಷಿಣದಿಂದ ಬೆಚ್ಚಗಿನ ಗಾಳಿ ಎದ್ದಿತ್ತು. ಹಿಮ ಕೆಸರಾಗಿ ಬೀದಿಯಲ್ಲಿ ಹರಿಯಿತು. ಆಂಬ್ರೋಸ್ ಅಷ್ಟರಲ್ಲಿ ಒಳಹೋಗಿ ಎರಡು ಗಂಟೆ ಆಗಿತ್ತು. ಕೊಂಬು, ಕೂದಲು ಎಲ್ಲ ಮುಗಿದಿದ್ದರಿಂದ ಮೆರ್ಟೆನ್ ಕುಲುಮೆಯಿಂದ ಇದ್ದಿಲು ತರಿಸಿ ಕೊಟ್ಟಿದ್ದ. “ಬೆಂಕಿ ಕಂಡ್ರೆ ಸಾಕು, ಅವರು ಇತ್ತ ತಲೆ ಹಾಕಲ್ಲ,” ಎಂದಿದ್ದ. ಇದ್ದಿಲಿಗೆ ಹೊಗೆಯೂ ಇಲ್ಲ, ನಾತವೂ ಇಲ್ಲ.

ನಾನು ಬಾಗಿಲ ಬಳಿ ಕೂತಿದ್ದೆ. ಎರಡು ದಿನದಿಂದ ನನ್ನ ಕತ್ತಿನ ಹಿಂದೆ ತಣ್ಣಗೆ ಗಾಳಿ ಹೊಡೆಯುತ್ತಿತ್ತು. ಕೊಬ್ಬಿನ ದೀಪದ ಕುಡಿ ಎರಡು ದಿನದಿಂದ ಒಳಗಿನ ಕಡೆಗೆ ಬಾಗಿತ್ತು. ಕುಡಿ ಮೆಲ್ಲಗೆ ಎದ್ದು ನೆಟ್ಟಗೆ ನಿಂತಿತು. ಕತ್ತಿನ ಹಿಂದೆ ಏನೂ ಇರಲಿಲ್ಲ.

ಮೆರ್ಟೆನ್ ಪಕ್ಕದಲ್ಲೇ ಇದ್ದ.

“ಗಾಳಿ ನಿಂತಿದೆ,” ಎಂದೆ.

“ಕಂಡೆ.”

“ಅವನನ್ನ ಕರೀಬೇಕು.”

“ಅಧಿಕಾರಿ ಕುಲುಮೆ ದಾಟಿದಾರಂತೆ. ಇನ್ನೊಂದು ಗಂಟೆ. ಹೊಗೆನೇ ಇಲ್ಲ, ಅವನಿಗೇನಾಗುತ್ತೆ?”

“ಮೇಸ್ತ್ರಿ, ಇಲಿ ಸತ್ತಿದ್ವು.”

“ಯಾವಾಗ?”

“ನಿನ್ನೆ.”

“ನಿನ್ನೆ ಸತ್ತಿದ್ದನ್ನ ಇವತ್ತು ಹೇಳ್ತೀಯಾ?” ಮೆರ್ಟೆನ್ ದನಿ ಏರಿಸಲಿಲ್ಲ. “ಆಗಲಿ, ಕರಿ. ಆದ್ರೆ ಜಾಗ ಖಾಲಿ ಬಿಡೋ ಹಾಗಿಲ್ಲ. ಮಸಿ ಬಟಾಣಿ ನಿಂದು. ಅವನು ಎದ್ದ ಜಾಗದಲ್ಲಿ ನೀನು ಕೂರು.”

ನಾನು ದೀಪದ ಕುಡಿಯನ್ನೇ ನೋಡುತ್ತಾ ಕೂತೆ. ಬಾಯಿ ತೆರೆದು ಕೂಗಿದರೆ ಎಪ್ಪತ್ತು ಹೆಜ್ಜೆ ದೂರಕ್ಕೆ ಕೇಳುತ್ತದೆ. ಕೂಗಲಿಲ್ಲ. ಕೊಬ್ಬು ಬೆರಳುದ್ದ ಕರಗುವಷ್ಟು ಹೊತ್ತು ಹಾಗೇ ಕೂತಿದ್ದೆ.

ಕೊನೆಗೆ ಎದ್ದು ಒಳಗೆ ಹೋದೆ. ಧೈರ್ಯ ಬಂದು ಅಲ್ಲ. ಸಂಜೆ ಒಟ್ಟೀಲಿಯೆ ಕೇಳಿದರೆ ಹೋಗಿದ್ದೆ ಎನ್ನಲು ಬೇಕಿತ್ತು. ನಲವತ್ತು ಹೆಜ್ಜೆ ಹೋಗುವಷ್ಟರಲ್ಲಿ ಅವನು ಕಂಡ. ಬಂಡೆಗೆ ಬೆನ್ನು ಕೊಟ್ಟು ನೆಟ್ಟಗೆ ಕೂತಿದ್ದ. ಸುತ್ತಿಗೆ ಮಡಿಲಲ್ಲಿತ್ತು. ದೀಪ ಪಕ್ಕದ ಕಲ್ಲಿನ ಮೇಲೆ ಚೆನ್ನಾಗಿ ಉರಿಯುತ್ತಿತ್ತು. ತೂತಿನ ಬಾಯಲ್ಲಿ ಕೆಂಡ ಕೆಂಪಗಿತ್ತು. ಮುಖವೂ ಕೆಂಪಗಿತ್ತು.

“ಆಂಬ್ರೋಸ್,” ಎಂದೆ.

ಅವನು ತಿರುಗಲಿಲ್ಲ. ಆಚೆಯಿಂದ ಬೇರೊಂದು ದನಿ ಬಂತು.

“ಏ ಮೊಂಡುಮೂಗಿನವನೇ, ಸುಡೋದಕ್ಕೆ ನಿಮ್ಮೂರಲ್ಲಿ ಬೂಟು ಮುಗಿದ್ವಾ? ಇನ್ನು ಹೆಂಗಸರ ಜಡೆ ಕತ್ತರಿಸ್ತೀರೋ ಹೇಗೆ?”

ಆಂಬ್ರೋಸ್‌ನ ಮುಖ ಕೆಂಡದ ಕಡೆಗೇ ಇತ್ತು.

“ದೀಪ ಉರೀತಿದೆ,” ಎಂದಿತು ಇನ್ನೊಂದು ದನಿ, ತನ್ನವರಿಗೆ. “ಅವನೂ ಆರಾಮಾಗಿ ಕೂತಿದಾನೆ. ಗಾಳಿ ಚೆನ್ನಾಗಿದೆ. ನಡೀರಿ.”

ಒದ್ದೆ ಚರ್ಮ ಹೊದ್ದು ಮೂವರು ಕೆಂಡದ ಮೇಲೆ ತೆವಳಿ ಈಚೆ ಬಂದರು. ಮೊದಲನೆಯವನು ಎದ್ದ ಕೂಡಲೇ ಕೊಡಲಿಯನ್ನು ಆಂಬ್ರೋಸ್‌ನ ಕತ್ತು, ಭುಜ ಸೇರುವ ಜಾಗಕ್ಕೆ ಬೀಸಿದ. ರಕ್ತ ಚಿಮ್ಮಲಿಲ್ಲ. ಗಾಯದ ಅಂಚಿನಿಂದ ಸುಮ್ಮನೆ ಒಸರಿತು. ಹಂದಿ ಕೊಯ್ಯುವುದನ್ನು ನೋಡಿದವರಿಗೆಲ್ಲ ಅದರ ಅರ್ಥ ಗೊತ್ತು. ಅವನು ಯಾವಾಗಲೋ ಸತ್ತಿದ್ದ. ಆ ಮನುಷ್ಯನಿಗೆ ಅದು ತಿಳಿಯಲಿಲ್ಲ. ಇನ್ನೊಮ್ಮೆ ಹೊಡೆದ, ಮತ್ತೊಮ್ಮೆ ಹೊಡೆದ. ನಾಲ್ಕನೆಯ ಏಟಿಗೆ ಎತ್ತಿದ ಕೊಡಲಿ ಅವನ ಕೈಯಿಂದ ಹಿಂದಕ್ಕೆ ಬಿತ್ತು. ಅದನ್ನು ಹುಡುಕುವವನ ಹಾಗೆ ಬಗ್ಗಿ ಅಲ್ಲೇ ಮಲಗಿದ. ಎರಡನೆಯವನು ಅವನನ್ನು ಎಬ್ಬಿಸಲು ಹೋಗಿ ಅವನ ಮೇಲೆ ಬಿದ್ದ. ಮೂರನೆಯವನು ತೂತಿಗೆ ತಿರುಗಿ, ತಲೆ ಆಚೆ ಕಾಲು ಈಚೆ, ಕೆಂಡದ ಮೇಲೆ ಅಲ್ಲಾಡದೆ ಬಿದ್ದ. ಚರ್ಮ ಸುಡತೊಡಗಿತು. ಆಗ ಮಾತ್ರ ನಾತ ಬಂತು.

ತೆವಳಿಕೊಂಡು ಬಾಗಿಲಿಗೆ ಬಂದೆ. ಮೆರ್ಟೆನ್ ನನ್ನ ಕೊರಳಪಟ್ಟಿ ಹಿಡಿದು ಎತ್ತಿದ.

“ಏನಾಯ್ತು?”

“ಬಂದ್ರು,” ಎಂದೆ. “ಆಂಬ್ರೋಸ್‌ನ ಕಡಿದ್ರು.”

ಅಷ್ಟೇ ಹೇಳಿದೆ. ಮೆರ್ಟೆನ್ ಮತ್ತು ಇನ್ನು ಮೂವರು ಕೊಡಲಿ ಹಿಡಿದು ನನ್ನನ್ನು ದಾಟಿ ಓಡಿದರು. ಒಳಗಿನ ಗಾಳಿ ಕೊಲ್ಲುತ್ತದೆ ಎಂದು ಕೂಗಿ ಹೇಳಿದೆನೆಂದು ಆಮೇಲೆ ಅಧಿಕಾರಿಯ ಮುಂದೆ ಬೈಬಲ್ ಮುಟ್ಟಿ ಹೇಳಿದ್ದೇನೆ. ಕೂಗಿರಲಿಲ್ಲ. ಅವರ ಬೂಟಿನ ಸದ್ದು ಎಣಿಸುತ್ತಾ ನೆಲದ ಮೇಲೆ ಬಿದ್ದಿದ್ದೆ. ಸದ್ದು ಒಂದೊಂದಾಗಿ ನಿಂತಿತು. ಒಬ್ಬ ಮಾತ್ರ, ಹಿಂದೆ ಉಳಿದಿದ್ದವನು, ವಾಪಸ್ ಬಂದ. ಅವನು ಈಗಲೂ ಇದ್ದಾನೆ. ಹೆಸರು ಕರೆದರೆ ತಿರುಗುತ್ತಾನೆ, ಮಾತು ಬರುವುದಿಲ್ಲ.

ಅಧಿಕಾರಿ ಹೇಳಿದ ಹೊತ್ತಿಗೇ ಬಂದ. ಒಳಗೆ ಯಾರನ್ನೂ ಬಿಡಲಿಲ್ಲ. ಗುರುವಾರ ಬೆಳಿಗ್ಗೆ ಮತ್ತೆ ಚಳಿ ಕವಿದು ಗಾಳಿ ತಿರುಗಿದ ಮೇಲೆ ಹೆಣಗಳನ್ನು ಎಳೆದು ತಂದೆವು. ಒಟ್ಟೀಲಿಯೆ ತಮ್ಮನ ಮುಖ ತೊಳೆದಳು. ಬಣ್ಣ ಹೋಗಿರಲಿಲ್ಲ.

“ನೀನು ಕಾವಲಿದ್ದೆ ತಾನೆ?” ಎಂದು ನನ್ನನ್ನು ಕೇಳಿದಳು.

“ಇದ್ದೆ.”

“ಬಟಾಣಿ ಯಾರಿಗೆ ಬಂದಿತ್ತಂತೆ?”

ಊರಿನಲ್ಲಿ ಅವಳಿಗೆ ಯಾರೋ ಹೇಳಿದ್ದರು. ಅವಳು ಬಟ್ಟೆ ಹಿಂಡಿ, ನೀರನ್ನು ನನ್ನ ಬೂಟಿನ ಮೇಲೆ ಚೆಲ್ಲಿ, ಒಳಗೆ ಹೋದಳು.

ಅಧಿಕಾರಿ ಹಗ್ಗ ಹಿಡಿದು ತೂತಿನವರೆಗೂ ಅಳೆದ. ಸತ್ತಿದ್ದರೂ ನಮ್ಮ ಆಳು ದೀಪ ಇಟ್ಟುಕೊಂಡು ಕೂತಿದ್ದನೆಂದು ಎಳೆಯನ್ನು ‘ದೇವರ ಕೊಡುಗೆ’ಗೆ ಬರೆದ. ವಸಂತದಲ್ಲಿ ಅಲ್ಲಿ ಕೊರೆದೆವು. ಎರಡು ಗೇಣು ಆಚೆ ಎಳೆ ದಾರದಷ್ಟು ತೆಳುವಾಯಿತು. ಇನ್ನೊಂದು ಗೇಣಿಗೆ ಬರೀ ಕಲ್ಲು.

ಸಿಕ್ಕಿದ್ದು ಒಂದೂವರೆ ಬುಟ್ಟಿ ಅದಿರು. ಸತ್ತವರು ನಮ್ಮ ಕಡೆ ಐವರು, ಅವರ ಕಡೆ ನಾಲ್ವರು. ಮಾತು ಹೋದವನು ಒಬ್ಬ.