ಕೈ ಏಳುವಷ್ಟು ಎತ್ತರ

ಊರು ಬಾಗಿಲು ಹಾಕಿಕೊಂಡು ಕೂತ ಮೇಲೂ ಕೂದಲು ಮಾತ್ರ ಯಾರ ಅಪ್ಪಣೆಗೂ ಕಾಯದೆ ಬೆಳೆಯುತ್ತಿತ್ತು. ಸಲೂನಿನವನು ದಿನಾ ಬೆಳಗ್ಗೆ ಕಿಟಕಿಯಲ್ಲಿ ನಿಂತು ಅದನ್ನೇ ನೋಡುತ್ತಿದ್ದ. ಎದುರುಮನೆ ಗುಮಾಸ್ತನ ಕಿವಿಗಳು ಮುಚ್ಚಿಹೋಗಿದ್ದವು. ಹಾಲಿನ ವ್ಯಾನು ಓಡಿಸುವವನ ಕತ್ತಿನ ಹಿಂದೆ ಕೂದಲು ಬಾತುಕೋಳಿಯ ಬಾಲದ ಹಾಗೆ ಮೇಲಕ್ಕೆ ತಿರುಗಿತ್ತು. ಮಧ್ಯಾಹ್ನ ಕಣ್ಣು ಹತ್ತಿದರೆ ಕನಸಿನಲ್ಲೂ ಅದೇ. ಕೂದಲು ಕಿಟಕಿಗಳಿಂದ ಇಳಿದು, ಬೀದಿಗೆ ಬಿದ್ದು, ಮೊಣಕಾಲೆತ್ತರ ತುಂಬಿ ಮೆಲ್ಲಗೆ ಹರಿಯುತ್ತಿತ್ತು. ಅದರ ನಡುವೆ ಅವನು ಕತ್ತರಿ ಹಿಡಿದು ನಿಂತಿರುತ್ತಿದ್ದ. ಬಲಗೈ ಏಳುತ್ತಿರಲಿಲ್ಲ.

ಎಚ್ಚರವಾದ ಮೇಲೂ ಏಳುತ್ತಿರಲಿಲ್ಲ. ಭುಜ ಹಿಡಿದುಕೊಂಡು ವರ್ಷವಾಗುತ್ತ ಬಂದಿತ್ತು. ಕೈ ಎದೆಯ ತನಕ ಸಲೀಸಾಗಿ ಬಂದು, ಅಲ್ಲಿಂದ ಮೇಲೆ ತುಕ್ಕು ಹಿಡಿದ ಬಾಗಿಲಿನ ಹಾಗೆ ನಿಂತುಬಿಡುತ್ತಿತ್ತು. ಕುರ್ಚಿಯನ್ನು ಎಷ್ಟು ಇಳಿಸಿದರೂ ಕೂತ ಗಿರಾಕಿಯ ನೆತ್ತಿ ಇರುವುದೇ ಅಲ್ಲಿಂದ ಮೇಲೆ. ಮಣೆಯ ಮೇಲೆ ನಿಂತೂ ನೋಡಿದ್ದ. ಗಿರಾಕಿಯ ಸುತ್ತ ತಿರುಗಬೇಕಾದವನು ಹೆಜ್ಜೆಗೊಮ್ಮೆ ಮಣೆ ಇಳಿಯುವುದು, ಕಾಲಿಂದ ಸರಿಸುವುದು, ಮತ್ತೆ ಹತ್ತುವುದು. ಕೂತವರು ಕನ್ನಡಿಯಲ್ಲಿ ನಗು ನುಂಗುತ್ತಿದ್ದರು. ವ್ಯಾಯಾಮ ಮಾಡಿದರೆ ಬಿಡುತ್ತದೆ ಎಂದು ಡಾಕ್ಟರು ಹೇಳಿದ್ದರಿಂದ ಸಲೂನಿನ ಮೇಲಿನ ಮಹಡಿಯಲ್ಲಿದ್ದ ಜಿಮ್ಮಿಗೇ ಸೇರಿಕೊಂಡ. ರಾಟೆಯ ಹಗ್ಗ ಎಳೆದೂ ಎಳೆದೂ ಕೈ ಬೆರಳಗಲ ಮೇಲೇರಿತೇನೋ ಅನ್ನಿಸುವ ಹೊತ್ತಿಗೆ ಮಹಾಮಾರಿ ಬಂತು. ಸಲೂನೂ ಮುಚ್ಚಿತು, ಜಿಮ್ಮೂ ಮುಚ್ಚಿತು. ಒಪ್ಪಂದ ಮಾತ್ರ ಮುಚ್ಚಲಿಲ್ಲ.

"ರೀ, ಈ ತಿಂಗಳೂ ಬ್ಯಾಂಕಿನಿಂದ ಜಿಮ್ಮಿನ ದುಡ್ಡು ಹೋಗಿದೆ," ಎಂದಳು ಹೆಂಡತಿ. "ಬೀಗ ಹಾಕಿದ ಬಾಗಿಲಿಗೆ ಬಾಡಿಗೆ ಕಟ್ತಾ ಇದ್ದೀವಿ. ಅಲ್ಲಿ ಯಾರಾದ್ರೂ ಸಿಗ್ತಾರೇನೋ ನೋಡಿ, ರದ್ದು ಮಾಡಿಸ್ಕೊಂಡು ಬನ್ನಿ."

"ರದ್ದು ಮಾಡಿದ್ರೆ ಕೈ ಇನ್ನು ಏಳಲ್ಲ ಅಂತ ಬರೆದುಕೊಟ್ಟ ಹಾಗೆ ಕಣೇ."

"ಬರೆದುಕೊಡದೇ ಇದ್ದಾಗ ಎಷ್ಟು ಎದ್ದಿತ್ತು?"

ಸಲೂನು ತೆರೆಯುವ ದಿನ ಬಂದೇ ಬರುತ್ತದೆ. ಅವತ್ತು ಊರೆಲ್ಲ ತನ್ನ ತಲೆ ತಂದು ಅವನ ಮುಂದೆ ಒಡ್ಡುತ್ತದೆ. ಅವನಿಗೆ ಆ ದಿನದ ಭಯ. ಅದನ್ನು ಹೆಂಡತಿಗೆ ಹೇಳಿರಲಿಲ್ಲ. ಅವಳಿಗೆ ಗೊತ್ತಿತ್ತು.

ಸಂಜೆ ಮಾಸ್ಕು ಕಟ್ಟಿಕೊಂಡು ಹೊರಟ. ಬೀದಿ ಯಾರೋ ತೊಳೆದು ಒಣಗಲು ಬಿಟ್ಟ ಹಾಗಿತ್ತು. ತನ್ನ ಸಲೂನಿನ ಮುಚ್ಚಿದ ಷಟರು ದಾಟಿ ಪಕ್ಕದ ಮೆಟ್ಟಿಲು ಹತ್ತುವಾಗ ಮೇಲಿನಿಂದ ಸದ್ದು ಕೇಳಿಸಿತು. ಬಹಳ ಜನ ಚಪ್ಪಲಿ ಎಳೆದುಕೊಂಡು ಒಟ್ಟಿಗೆ ಎಲ್ಲಿಗೋ ಹೋಗುತ್ತಿರುವ ಸದ್ದು.

ಬಾಗಿಲು ತಳ್ಳಿದರೆ ಒಳಗೆ ಯಾರೂ ಇಲ್ಲ. ಸಾಲಾಗಿ ನಿಂತ ಟ್ರೆಡ್‌ಮಿಲ್‌ಗಳು ಖಾಲಿ ಓಡುತ್ತಿದ್ದವು. ಬಿಸಿಲಿನ ತುಂಡುಗಳು ಕಪ್ಪು ಪಟ್ಟಿಗಳ ಮೇಲೆ ನಿಂತಲ್ಲೇ ನಿಂತಿದ್ದವು, ಪಟ್ಟಿಗಳು ಅವುಗಳ ಅಡಿಯಲ್ಲಿ ಹಾದುಹೋಗುತ್ತಿದ್ದವು. ಎದುರುಬದುರು ಗೋಡೆಗಳ ಕನ್ನಡಿಯೊಳಗೆ ಆ ಸಾಲು ಮಸುಕಾಗುತ್ತ, ಹಸಿರಾಗುತ್ತ, ಊರಾಚೆ ತನಕ ಹೋಗಿತ್ತು. ಇಷ್ಟು ದಿನವೂ ಎಲ್ಲರೂ ಇಲ್ಲೇ ಕಾಣದ ಹಾಗೆ ನಡೆಯುತ್ತಿದ್ದರೇನೋ, ತಾನೊಬ್ಬನೇ ಮನೆಯಲ್ಲಿ ಉಳಿದನೇನೋ ಎಂದು ಒಂದು ಗಳಿಗೆ ಅನ್ನಿಸಿತು.

"ಅಣ್ಣಾ, ನೀವಾ?"

ಚಾಪೆಗಳ ರಾಶಿಯಿಂದ, ವ್ಯಾಯಾಮ ಹೇಳಿಕೊಡುವ ಕೋಚ್ ಎದ್ದು ಬಂದ. ಬಸ್ಸುಗಳು ನಿಂತಾಗಿನಿಂದ ಅವನು ಜಿಮ್ಮಿನಲ್ಲೇ ಮಲಗಿ, ಅಲ್ಲೇ ಬೇಯಿಸಿಕೊಂಡು ಉಳಿದುಬಿಟ್ಟಿದ್ದ. ತೋಳುಗಳು ಮರದ ಬೊಡ್ಡೆಯ ಹಾಗೇ ಇದ್ದವು, ತಲೆಯ ಗುರುತು ಮಾತ್ರ ಸಿಗಲಿಲ್ಲ. ಕೂದಲನ್ನು ವ್ಯಾಯಾಮದ ರಬ್ಬರಿನಿಂದ ನೆತ್ತಿಯ ಮೇಲೆ ಗಂಟು ಹಾಕಿದ್ದ.

"ಇದೇನಪ್ಪಾ, ದೆವ್ವಗಳಿಗೆ ತರಗತಿ ನಡೆಸ್ತಿದ್ದೀಯ?"

"ದಿನಾ ಸ್ವಲ್ಪ ಹೊತ್ತು ಓಡಿಸ್ಬೇಕು ಅಣ್ಣಾ. ಇಲ್ಲಾಂದ್ರೆ ಬೆಲ್ಟು ಬಿಗಿದ್ಕೊಂಡುಬಿಡುತ್ತೆ, ನಿಮ್ಮ ಭುಜದ ಹಾಗೆ."

ಸಲೂನಿನವನು ಬಂದ ಕೆಲಸ ಹೇಳಿದ. ಕೋಚ್ ತಲೆಯಲ್ಲಾಡಿಸಿದ.

"ಆಗಲ್ಲ. ಸದಸ್ಯರು ಖುದ್ದಾಗಿ ಬಂದು, ಕೌಂಟರಿನಲ್ಲಿ, ಕೆಲಸದ ವೇಳೇಲಿ ಸಹಿ ಹಾಕ್ಬೇಕು. ಒಪ್ಪಂದದಲ್ಲಿದೆ."

"ಖುದ್ದಾಗಿ ಬಂದಿದ್ದೀನಿ."

"ಕೆಲಸದ ವೇಳೆ ಎಲ್ಲಿದೆ? ಜಿಮ್ಮೇ ಮುಚ್ಚಿದೆಯಲ್ಲ."

"ಮುಚ್ಚಿದ್ರೆ ದುಡ್ಡು ಹೇಗೆ ಹೋಗ್ತಿದೆ?"

"ಅದು ತಾನಾಗೇ ಹೋಗುತ್ತೆ ಅಣ್ಣಾ. ಅದಕ್ಕೆ ವೇಳೆ ಗೀಳೆ ಇಲ್ಲ."

ಸಲೂನಿನವನು ಓಡುತ್ತಿದ್ದ ಯಂತ್ರಗಳ ಕಡೆ ಗದ್ದ ತಿರುಗಿಸಿದ. "ಯಂತ್ರ ಓಡ್ತಿದೆ. ನೀನಿದ್ದೀಯ. ನಾನಿದ್ದೀನಿ. ಇದಕ್ಕಿಂತ ಕೆಲಸದ ವೇಳೆ ಇನ್ನು ಹೇಗಿರುತ್ತೆ?"

ಕೋಚ್ ನೆತ್ತಿಯ ಗಂಟು ಬಿಗಿಮಾಡಿಕೊಂಡ. ಒಂಟಿಯಾಗಿ ಇದ್ದೂ ಇದ್ದೂ ಅವನಿಗೆ ಎಲ್ಲ ವಾದವೂ ಸರಿ ಅನ್ನಿಸುವ ಸ್ಥಿತಿ ಬಂದಿತ್ತು. "ಸರಿ. ಆದ್ರೆ ಮೊದಲು ನನ್ನ ತಲೆ ನೋಡಿ. ಅಮ್ಮ ವಿಡಿಯೋದಲ್ಲಿ ನೋಡಿ, ಸನ್ಯಾಸ ತಗೊಂಡ್ಯಾ ಅಂತ ಅಳ್ತಾಳೆ."

"ಕೈ ಏಳಲ್ಲ."

"ಏಳಲ್ಲ ಅಂದ್ರೆ ರದ್ದು ಯಾಕೆ? ಇಲ್ಲೇ ಇದ್ದು ವ್ಯಾಯಾಮ ಮಾಡಿ. ಎದ್ದಿದೆ ಅಂದ್ರೆ ಕೂದಲು ಕತ್ತರಿಸಿ. ಎರಡರಲ್ಲಿ ಒಂದು ಹೇಳಿ."

ಸಿಕ್ಕಿಬಿದ್ದವನ ಹಾಗೆ ಸಲೂನಿನವನು ಕೆಳಗಿಳಿದು, ಹಿಂಬಾಗಿಲಿನಿಂದ ತನ್ನ ಸಲೂನಿನೊಳಗೆ ಹೋದ. ಕತ್ತಲಲ್ಲಿ ಸಾಬೂನಿನ ವಾಸನೆ ಇನ್ನೂ ಕಾಯುತ್ತ ಕೂತಿತ್ತು. ಪೆಡಲು ಒತ್ತಿದರೆ ಮೇಲೇರುವ ಕುರ್ಚಿಗೆ ಬಟ್ಟೆ ಹೊದಿಸಿತ್ತು. ಅವನ ಅಪ್ಪ ಮರದಡಿ ಕುಕ್ಕರುಗಾಲಲ್ಲಿ ಕೂತು, ಗಿರಾಕಿಗಳನ್ನು ನೆಲದ ಮೇಲೆ ಕೂರಿಸಿ ಬದುಕಿದವನು. ನನ್ನ ಗಿರಾಕಿ ನೆಲ ಮುಟ್ಟಬಾರದು ಎಂದು ಇವನು ಹಟ ಹಿಡಿದು ತಂದ ಕುರ್ಚಿ ಅದು. ಕತ್ತರಿ, ಬಾಚಣಿಗೆ, ಗಿರಾಕಿಗೆ ಹೊದಿಸುವ ಬಟ್ಟೆ ತೆಗೆದುಕೊಂಡು ಮೇಲೆ ಬಂದ.

ಕೋಚ್ ಬೆಂಚಿನ ಮೇಲೆ ಕೂತ. ಸಲೂನಿನವನು ಕತ್ತಿನ ಹಿಂದಿನಿಂದ ಶುರುಮಾಡಿದ. ಕಿವಿಯ ತನಕ ಕತ್ತರಿ ಚೆನ್ನಾಗೇ ನಡೆಯಿತು. ಅಲ್ಲಿಂದ ಮೇಲೆ ಕೈ ನಿಂತಿತು. ಕನ್ನಡಿಗಳ ಉದ್ದಕ್ಕೂ ಸಾಲು ಸಾಲು ಸಲೂನಿನವರು ಅದೇ ಜಾಗದಲ್ಲಿ ಕೈ ನಿಲ್ಲಿಸಿ, ಹಲ್ಲು ಕಚ್ಚಿ ನಿಂತಿದ್ದರು.

"ಇನ್ನೊಂದೇ ಒಂದು, ಅಣ್ಣಾ. ಮೇಲೆ, ಮೇಲೆ. ಕೊನೇದು!" ಕೋಚ್ ರೂಢಿಯಂತೆ ಕೂಗತೊಡಗಿದ.

"ಬಾಯಿ ಮುಚ್ಚು. ತಲೆ ಬಗ್ಗಿಸು."

"ಗದ್ದ ಮೇಲಿರಬೇಕು, ಬೆನ್ನು ನೇರ..."

"ಇದು ನಿನ್ನ ಕಸರತ್ತಲ್ಲ. ಬಗ್ಗಿಸು ಅಂದ್ನಲ್ಲ!"

ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ಭುಜದೊಳಗೆ ಏನೋ ಚಳಕ್ ಎಂದಿತು. ಕತ್ತರಿ ನೆಲಕ್ಕೆ ಬಿತ್ತು.

"ಈ ಬೆಂಚು ಎತ್ತರ," ಎಂದ ಸಲೂನಿನವನು, ಬೇರೆ ಕಡೆ ನೋಡುತ್ತ.

"ಕುಣಿಯೋಕೆ ಬಾರದವಳು ನೆಲ ಡೊಂಕು ಅಂದ್ಲಂತೆ," ಎಂದುಬಿಟ್ಟು ಕೋಚ್ ನಾಲಿಗೆ ಕಚ್ಚಿಕೊಂಡ. ಮಾತು ಮರೆಸಲೆಂದು ಬೆಂಚಿನಿಂದ ಜಾರಿ ಕತ್ತರಿ ಹೆಕ್ಕಲು ಬಗ್ಗಿದವನು, ಅಲ್ಲೇ ಬಿದ್ದಿದ್ದ ನಿಂತು ಸೊಂಟ ತಿರುಗಿಸುವ ವ್ಯಾಯಾಮದ ತಟ್ಟೆಯ ಮೇಲೆ ಕಾಲು ಮಡಚಿ ಕೂತುಬಿಟ್ಟ. ತಟ್ಟೆ ಅರ್ಧ ಸುತ್ತು ತಿರುಗಿ ಅವನ ಬೆನ್ನನ್ನು ಇತ್ತ ಮಾಡಿತು.

ಸುಸ್ತಾಗಿ ಸಲೂನಿನವನು ಬೆಂಚಿನ ಮೇಲೆ ಕುಸಿದ. ಈಗ ಆ ದೊಡ್ಡ ತಲೆ ಅವನ ಮೊಣಕಾಲುಗಳ ನಡುವೆ, ಹೊಟ್ಟೆಯ ಮಟ್ಟಕ್ಕೆ ಬಂದಿತ್ತು. ನೆತ್ತಿಯ ಸುಳಿ ನೇರ ಅವನನ್ನೇ ನೋಡುತ್ತಿತ್ತು. ಕೈ ಎತ್ತಬೇಕಾಗಿಯೇ ಇರಲಿಲ್ಲ. ಕನ್ನಡಿಯ ಕಡೆ ನೋಡಿದ. ನೆಲ, ನೆಲದ ಮೇಲೆ ಗಿರಾಕಿ, ಮೇಲೆ ಕೂತ ತಾನು. ಯಾವುದರಿಂದ ಓಡಿ ಬಂದಿದ್ದನೋ ಅದೇ ಕನ್ನಡಿಯಲ್ಲಿ ಕೊನೆಯಿಲ್ಲದಷ್ಟು ಸಲ ಕೂತಿತ್ತು. ನಾಚಿಕೆ ಬರುತ್ತದೆಂದು ಕಾದ. ಅಂಥದ್ದೇನೂ ಬರಲಿಲ್ಲ.

"ಕತ್ತರಿ ಕೊಡು," ಎಂದ.

ಎಡಗೈಯಿಂದ ತಲೆ ಹಿಡಿದು ತಿರುಗಿಸಿದರೆ ತಟ್ಟೆಯೊಂದಿಗೆ ಇಡೀ ಕೋಚ್ ತಿರುಗುತ್ತಿದ್ದ. ಸಲೂನಿನವನು ಸುತ್ತ ತಿರುಗಬೇಕಾಗಿರಲಿಲ್ಲ. ಟ್ರೆಡ್‌ಮಿಲ್‌ಗಳ ಸದ್ದಿನ ಜೊತೆ ಕತ್ತರಿಯ ಸದ್ದು ಸೇರಿಕೊಂಡಿತು. ಕೂದಲು ತುಂಡು ತುಂಡಾಗಿ ಕೋಚ್‌ನ ಭುಜದಿಂದ ಜಾರಿತು. ತಿರುಗುತ್ತ ತಿರುಗುತ್ತ ಆ ಬೊಡ್ಡೆಯಂಥ ಮನುಷ್ಯನಿಗೆ ಜೊಂಪು ಹತ್ತಿತು. ಇಷ್ಟು ದಿನಗಳಲ್ಲಿ ಅವನ ತಲೆಯನ್ನು ಯಾರೂ ಮುಟ್ಟಿರಲಿಲ್ಲ. ಕಿಟಕಿಯಾಚೆ ಬೀದಿಯೂ ಅದೇ ವೇಗದಲ್ಲಿ ತಿರುಗುತ್ತಿರುವ ಹಾಗಿತ್ತು.

ಮುಗಿದ ಮೇಲೆ ಕೋಚ್ ಎದ್ದು ಕನ್ನಡಿ ನೋಡಿಕೊಂಡ. ತಲೆಯ ಹಿಂದೆ, ಮುಂದೆ ಕೈಯಾಡಿಸಿದ. "ಅಣ್ಣಾ, ನೆತ್ತಿ ಕೂಡ ಸಮ ಆಗಿದೆ! ಎಷ್ಟು ಮೇಲೆ ಬಂತು ಕೈ?"

"ಬೆಳಗ್ಗೆ ಎಷ್ಟಿತ್ತೋ ಅಷ್ಟೇ."

"ಹಾಗಾದ್ರೆ ರದ್ದು ಬೇಡ. ಜಿಮ್ಮು ತೆರೆದ ಮೇಲೆ ಇನ್ನಾರು ತಿಂಗಳು ಹಗ್ಗ ಎಳೆದ್ರೆ..."

"ಆರು ತಿಂಗಳು ನನ್ನ ಗಿರಾಕಿಗಳು ಕಾಯ್ತಾರಾ? ಕಾಗದ ತೆಗಿ."

ಕೋಚ್ ಕೌಂಟರಿನ ಹಿಂದೆ ಹೋಗಿ ನಿಂತ. ಅಲ್ಲಿ ನಿಂತೊಡನೆ ಅವನ ದನಿಯೂ ಬದಲಾಯಿತು. "ಕಾರಣ ಬರೀಬೇಕು. ಎಲ್ರೂ 'ಜಿಮ್ ಮುಚ್ಚಿದೆ' ಅಂತ ಬರೀತಾರೆ. ಹಾಗೆ ಬರೆದ್ರೆ ತೆರೆದ ದಿನಾನೇ ಮತ್ತೆ ಬನ್ನಿ ಅಂತ ಫೋನು ಬರುತ್ತೆ."

ಸಲೂನಿನವನು ಪೆನ್ನು ಹಿಡಿದು ಯೋಚಿಸಿದ. ಹೆಂಡತಿಗೆ ಹೇಳಲಾಗದೆ ಇಟ್ಟುಕೊಂಡಿದ್ದು ಒಂದು ಸಾಲಿನಷ್ಟೇ ಇತ್ತು. "ಕೈ ಇಷ್ಟೇ ಏಳುತ್ತದೆ" ಎಂದು ಬರೆದು ಸಹಿ ಹಾಕಿದ.

ಕೋಚ್ ಎರಡು ಸಲ ಓದಿದ. "ಬೇಜಾರಾಗಲ್ವಾ ಅಣ್ಣಾ?"

"ಆಗುತ್ತೆ. ಮುದ್ರೆ ಒತ್ತು."

ಒತ್ತಿದ. ಆಮೇಲೆ ಯಂತ್ರಗಳನ್ನು ಒಂದೊಂದಾಗಿ ನಿಲ್ಲಿಸುತ್ತ ಬಂದ. ಕೋಣೆ ದೊಡ್ಡದಾಗುತ್ತ ಹೋಯಿತು.

"ಆ ತಟ್ಟೆ ನನಗೆ ಕೊಡ್ತೀಯಾ?"

"ಮಾಲೀಕರು ಕೇಳಿದ್ರೆ?"

"ಸಲೂನಿನವನ ಹತ್ರ ಇದೆ, ಕೂದಲು ಬೆಳೆದಾಗ ಬಂದು ಕೂತ್ಕೊಳ್ಳಿ ಅನ್ನು."

"ನೆಲದ ಮೇಲಾ? ಜನ ಒಪ್ತಾರಾ ಅಣ್ಣಾ?"

"ಮೊದಲ ವಾರ ಎಲ್ರೂ ಒಪ್ತಾರೆ, ಕೂದಲು ಅಷ್ಟು ಬೆಳೆದಿದೆ," ಎಂದು ಸಲೂನಿನವನು ತಟ್ಟೆಯನ್ನು ಎಡಕಂಕುಳಿಗೆ ಸಿಕ್ಕಿಸಿಕೊಂಡ. "ಎರಡನೇ ವಾರ ಕೆಲವರು ಬೇರೆ ಕಡೆ ಹೋಗ್ತಾರೆ. ಹೋಗ್ಲಿ."